ಅಪ್ಪ ಹೊತ್ತು ತಂದ ಎಕ್ಸಲ್

ಮನೆಯ ಮುಂದೆ ಒಂದು ಕಾರು ನಿಂತಿದ್ದರೆ ನಗುವಂಥ ಪ್ರಸಂಗಗಳಿಗೆ ಬರವಿಲ್ಲ. ನಗುವವರು ಮಾತ್ರ ಆ ಮನೆಯವರಾಗಿರಬಾರದು, ಅಷ್ಟೇ.

ಎಪ್ಪತ್ತರ ದಶಕದಲ್ಲಿ ನಾನು ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿಗೆ ಸೊಸೆಯಾಗಿ ಬಂದಾಗ ನನ್ನ ಬೆನ್ನಿಗೆ ಒಂದು ಹಳೆಯ ಕಾರೂ ಬಂತು. ಬೀಗರು ಬೇಡಿದ್ದರು, ಅಪ್ಪ ಕೊಟ್ಟಿದ್ದ. ಅಪ್ಪನದು ಬಜಾರದಲ್ಲಿ ಸಣ್ಣ ಅರಿವಿ-ಬಟ್ಟೆಯ ಅಂಗಡಿ. ಆತ ಓಡಾಡುತ್ತಿದ್ದದ್ದು ಬಸ್ಸಿನಲ್ಲಿ.

ಕಾರು ನೆಟ್ಟಗೆ ಓಡಿದ ದಿನ ಅದು ನನ್ನ ಗಂಡನ ಕಾರು. ಕೆಟ್ಟು ನಿಂತ ದಿನ ನಮ್ಮಪ್ಪನ ಕಾರು.

೧. ಎತ್ತು ಹೂಡಿದ್ದು

ಸಿಂದಗಿಯಲ್ಲಿ ಒಂದು ಲಗ್ನ. ನಮ್ಮವರು ಕಾರು ಹೊಡೆಯುತ್ತಿದ್ದರು. ಹಿಂದೆ ನಾನು, ನಮ್ಮತ್ತೆ; ನಮ್ಮಿಬ್ಬರ ನಡುವೆಯೂ ಡಿಕ್ಕಿಯಲ್ಲೂ ಲಗ್ನದ ಮನೆಗೆ ಮುಟ್ಟಿಸಬೇಕಾದ ಜೋಳದ ಚೀಲಗಳು. ಹಿಂದಿನ ದಿನ ಮಳೆಯಾಗಿತ್ತು. ಊರು ದಾಟಿದ್ದೇ ತಡ, ಎರೆಮಣ್ಣಿನಲ್ಲಿ ಗಾಲಿ ಹೂತಿತು. ನಮ್ಮವರು ಸಿಟ್ಟಿನಿಂದ ಎಕ್ಸಲರೇಟರ್ ತುಳಿದರು. ಕೆಳಗೆ ಕಬ್ಬು ಮುರಿದಂಥ ಸಪ್ಪಳ.

"ಎಂಜಿನ್ ಚಾಲೂ ಐತಿ, ಗೇರ್ ಬಿದ್ದೈತಿ, ಗಾಡಿ ಯಾಕ ಹೋಗವಲ್ದು?" ಎಂದರು.

ಹಿಂದಿನಿಂದ ಬಂದ ಲಾರಿ ಡ್ರೈವರ್ ಬಗ್ಗಿ ನೋಡಿದ. "ಎಕ್ಸಲ್ ಹೋಗೇತ್ರಿ. ಎಂಜಿನ್ನಿನ ಜೋರು ಗಾಲಿಗೆ ಮುಟ್ಟಿಸೋ ಸಲಾಕಿ. ಅದು ಮುರದ್ರ ಮುಗೀತು."

ಅತ್ತೆ ನನ್ನ ಕಡೆ ತಿರುಗಿದರು. "ಮಗಳನ್ನ ಕೊಡೋವಾಗ ಗಟ್ಟಿ ಸಲಾಕಿ ನೋಡಿ ಕೊಡಬೇಕಿಲ್ಲೋ ನಿಮ್ಮಪ್ಪ?"

ಹೊಲದಲ್ಲಿದ್ದ ರೈತನನ್ನು ಕೂಗಿ ಕರೆದೆವು. ಆತ ಎತ್ತು ತಂದು ಕಾರಿಗೆ ಹಗ್ಗ ಕಟ್ಟುತ್ತ ನಮ್ಮವರನ್ನು ಕೇಳಿದ: "ಬೀಗರು ಕಾರ್ ಕೊಟ್ಟಾರಂತ ಕೇಳಿದ್ದೆ. ಜೋಡಿ ಎತ್ತೂ ಕೊಟ್ಟಿಲ್ಲೇನ್ರಿ?"

೨. ತವರಿನ ಅರಿವಿ

ಗ್ಯಾರೇಜಿಗೆ ಒಯ್ಯಬೇಕೆಂದರೆ ವಿಜಾಪುರ. "ಅಲ್ಲ್ಯಾಕ? ನಾನ ಮಾಡ್ತೇನಿ," ಎಂದರು ನಮ್ಮವರು. ಹಿತ್ತಿಲಲ್ಲಿ ಕಾರನ್ನು ಜಾಕಿನಿಂದ ಎತ್ತಿ, ಕೆಳಗೆ ನನ್ನ ಬೀಸುಕಲ್ಲು ಇಟ್ಟರು. ಗಾಲಿ ಬಿಚ್ಚಿ ಸಲಾಕೆ ಜಗ್ಗಿದರೆ ಮುರಿದ ಅರ್ಧ ಮಾತ್ರ ಹೊರಗೆ ಬಂತು. ಉಳಿದದ್ದು ನಡುವಿನ ಹಲ್ಲುಚಕ್ರಗಳ ಗಡ್ಡೆಯಲ್ಲಿ ಸಿಕ್ಕಿಕೊಂಡಿತ್ತು. ಆ ಗಡ್ಡೆಯನ್ನೂ ಬಿಚ್ಚಿ ಅಂಗಳದಲ್ಲಿ ಹರವಿದರು.

"ಎಣ್ಣಿ ಒರಸಾಕ ಅರಿವಿ ಕೊಡ್ರಿ," ಎಂದು ಕೂಗಿದರು. ನಾನು ಹಳೆಯ ಧೋತರ ಹುಡುಕುತ್ತಿದ್ದೆ. ಅಷ್ಟರಲ್ಲಿ ಅತ್ತೆ ನನ್ನ ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಕೊಟ್ಟಾಗಿತ್ತು.

"ಅತ್ತೀ, ಅದು ನಮ್ಮಪ್ಪ ಕೊಟ್ಟ ಸೀರಿ!"

"ಕಾರೂ ಅವರದ ಅಲ್ಲನ? ಅದಕ್ಕ ಅದರ ತವರಿನ ಅರಿವೀನ ಚಲೋ."

೩. ಅರ್ಧ ಟಿಕೀಟು

ಹೊಸ ಎಕ್ಸಲ್ ತರುವ ಕೆಲಸ ಯಾರದೆಂದು ಮನೆಯಲ್ಲಿ ಚರ್ಚೆಯೇ ಆಗಲಿಲ್ಲ. ಮುದ್ದೇಬಿಹಾಳಕ್ಕೆ ಹೋಗುವವರ ಕೈಯಲ್ಲಿ ಹೇಳಿ ಕಳಿಸಿದರು. ಅಪ್ಪ ಅಂಗಡಿ ಮುಚ್ಚಿ ಸೊಲ್ಲಾಪುರಕ್ಕೆ ಹೋದ. ಕೊಂಡ ಎಕ್ಸಲ್ಲಿಗೆ ಗ್ರೀಸ್ ಬಳಿದಿದ್ದರಿಂದ ಅದನ್ನು ಬಿಳಿ ಧೋತರದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ನಮ್ಮೂರಿನ ಬಸ್ಸಿನಲ್ಲಿ ಕೂತ.

ಪಕ್ಕದ ಮುದುಕಿ, "ಪಾಪ, ಕೂಸು ಮಲಗೇತಿ," ಎಂದು ಸರಿದು ಜಾಗ ಕೊಟ್ಟಳಂತೆ. ಕಂಡಕ್ಟರ್ ಬಂದು, "ಇಷ್ಟುದ್ದ ಐತಿ, ಅರ್ಧ ಟಿಕೀಟು ಬೀಳತೈತ್ರಿ. ಎಷ್ಟು ವಯಸ್ಸು ಇದಕ್ಕ?" ಎಂದ.

ಅಪ್ಪ ಹೇಳಿದ: "ವಯಸ್ಸು ಗೊತ್ತಿಲ್ರಿ. ಮಗಳ ಲಗ್ನ ಆದಾಗಿಂದ ಹೊರಾಕತ್ತೇನಿ."

೪. ಮುಂದಕ್ಕೆ ಹೊಂಟಿತು

ನಮ್ಮವರು ಎಕ್ಸಲ್ ಕೂಡಿಸಿ ಮುಗಿಸುವವರೆಗೆ ಅಪ್ಪನನ್ನು ಬಿಡಲಿಲ್ಲ. ಮುಗಿದ ಮೇಲೆ ಅತ್ತೆಗೂ ಉದಾರ ಬುದ್ಧಿ ಬಂತು. "ಬೀಗರ, ಬಸ್ ಸ್ಟ್ಯಾಂಡಿನ ತನಕ ಕಾರಿನ್ಯಾಗ ಹೋಗ್ರಿ."

ತಾನು ಕೊಟ್ಟ ಕಾರಿನಲ್ಲಿ ಅಪ್ಪ ಕೂತದ್ದು ಅದೇ ಮೊದಲು. ಹೊಲಸಾದೀತೆಂದು ಕಾಲು ಒರೆಸಿಕೊಂಡು ಹತ್ತಿದ. ನಾನು ಹಿಂದೆ ಕೂತೆ. ನಮ್ಮವರು ಮೊದಲನೇ ಗೇರ್ ಹಾಕಿದರು. ಕಾರು ಹಿಂದಕ್ಕೆ ಜಿಗಿದು ದನಕ್ಕೆ ಮೇವು ಹಾಕುವ ಗ್ವಾದಲಿ ಕೆಡವಿತು. ಗಾಬರಿಯಾಗಿ ಎರಡನೇ ಗೇರ್ ಹಾಕಿದರು. ಇನ್ನೂ ಜೋರಾಗಿ ಹಿಂದಕ್ಕೆ ಹೋಗಿ ತಿಪ್ಪೆಯೊಳಗೆ ನಿಂತಿತು. ಹಲ್ಲುಚಕ್ರಗಳ ಗಡ್ಡೆಯನ್ನು ಅವರು ಬುಡಮೇಲು ಕೂಡಿಸಿದ್ದರೆಂದು ಆಮೇಲೆ ಒಬ್ಬ ಮಿಸ್ತ್ರಿ ಹೇಳಿದ.

"ಎಂಥಾ ಎಕ್ಸಲ್ ತಂದೀರಿ ಮಾವಾರ? ಹಿಂದಕ್ಕ ಹೋಗೂದು ತಂದೀರಲ್ಲ!"

"ಅಂಗಡ್ಯಾಗ ಕೇಳಾಕ ಮರತೆನ್ರಿ. ತಪ್ಪಾತು," ಎಂದ ಅಪ್ಪ.

ರಿವರ್ಸ್ ಗೇರ್ ಹಾಕಿದರೆ ಮಾತ್ರ ಕಾರು ಮುಂದೆ ಸಾಗುತ್ತಿತ್ತು, ಅದೂ ನರಳುತ್ತ. ಹಾಗೇ ಹೊರಟೆವು. ಬಜಾರದಲ್ಲಿ ಆಡುಗಳು ನಮ್ಮನ್ನು ದಾಟಿ ಹೋದವು. ಅಪ್ಪ ಮೆಲ್ಲಗೆ ಬಾಗಿಲು ತೆಗೆದ. "ಅಳಿಯಂದಿರ, ನೀವು ಸಾವಕಾಶ ಬರ್ರಿ. ನನಗ ಬಸ್ಸು ತಪ್ಪತೈತಿ," ಎಂದು ಇಳಿದು ನಡೆದ. ನಾನೂ ಇಳಿದು ಬೆನ್ನು ಹತ್ತಿದೆ.

ಬಸ್ಸು ಬಿಡುವ ಹೊತ್ತಾಗಿತ್ತು. ಅಪ್ಪನ ಧೋತರದ ಮೇಲಿನ ಗ್ರೀಸಿನ ಕಲೆ ನೋಡಿದೆ. ಏನನ್ನಿಸಿತೋ, ನಾನೂ ಹತ್ತಿಬಿಟ್ಟೆ. ಕಂಡಕ್ಟರಿಗೆ ಅಪ್ಪ "ಒಂದು ಮುದ್ದೇಬಿಹಾಳ," ಎಂದ. ನಾನು "ಎರಡು," ಎಂದೆ. ಅಪ್ಪ ನನ್ನ ಮುಖ ನೋಡಿ, ಕಿಸೆಯಿಂದ ಇನ್ನಷ್ಟು ಚಿಲ್ಲರೆ ತೆಗೆದ.

ದಾರಿಯಲ್ಲಿ, ಇನ್ನೂ ಬಸ್ ಸ್ಟ್ಯಾಂಡಿನ ಕಡೆ ನರಳುತ್ತ ಬರುತ್ತಿದ್ದ ನಮ್ಮವರ ಕಾರು ಎದುರಾಯಿತು. ಅವರು ಕಿಟಕಿಯಲ್ಲಿ ಅಪ್ಪನನ್ನಷ್ಟೇ ಕಂಡು, ಕೈ ಬೀಸಿ ಹೆಮ್ಮೆಯಿಂದ ಕೂಗಿದರು: "ಮಾವಾರ, ಮುಂದಕ್ಕ ಹೊಂಟಿತು ನೋಡ್ರಿ!"

೫. ಹೊಸ ಕಾರು

ಎಷ್ಟೋ ವಾರಗಳ ಮೇಲೆ ನಮ್ಮವರು ನನ್ನನ್ನು ಕರೆಯಲು ಬಂದರು, ಬಸ್ಸಿನಲ್ಲಿ. ಅವ್ವ ರೊಟ್ಟಿ, ಎಣಗಾಯಿ ಬಡಿಸಿದಳು. ಊಟದ ನಡುವೆ ನಮ್ಮವರು ಅಪ್ಪನಿಗೆ ಹೇಳಿದರು: "ಮಾವಾರ, ಆ ಕಾರಿನ ಸಾವಾಸ ಸಾಕಾಗೇತ್ರಿ. ಈ ಸಲ ಹೊಸಾದ ಕೊಟ್ಟಬಿಡ್ರಿ."

ಅವರಿಗೆ ಎಂದೂ ಎದುರು ಮಾತಾಡದ ಅಪ್ಪ ಶಾಂತವಾಗಿ ರೊಟ್ಟಿ ಮುರಿದ. "ಆಗಲ್ರಿ, ಹೊಸ ಕಾರ್ ಕೊಡೂನು. ಹೊಸ ಅಳಿಯಂದಿರಿಗೆ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ನನಗೆ ಮುಚ್ಚಿಕೊಳ್ಳಲಾಗಲಿಲ್ಲ. ಮದುವೆಯಾದ ಮೇಲೆ ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು.

ಸಂಜೆ ಅವರ ಜೊತೆ ಹೊರಟೆ. ಎಷ್ಟು ನಕ್ಕರೂ ಆಗಿನ ಕಾಲದಲ್ಲಿ ಹೋಗಬೇಕಾದದ್ದು ಅಲ್ಲಿಗೇ. ಬಸ್ಸು ತುಂಬಿತ್ತು, ಒಂದೇ ಒಂದು ಸೀಟು ಉಳಿದಿತ್ತು.

ನಮ್ಮವರು ಕೂತರು.