ಜಟಕಾ ನಿವಾರಣಾ ನಿಂಬೆಹಣ್ಣು

ನಾನು ಸ್ವಭಾವತಃ ಅನುಮಾನದ ಮನುಷ್ಯನಲ್ಲ. ಲೋಕದಲ್ಲಿ ನಂಬುವಂಥವರು ಕಡಿಮೆ, ಅಷ್ಟೆ. ಹಾಲಿನವನು ನನ್ನ ಮುಖ ನೋಡದೆ ಹಾಲು ಅಳೆದರೆ ಏನೋ ಇದೆ ಅಂತ ನನಗೆ ಗೊತ್ತಾಗುತ್ತದೆ. ಮುಖ ನೋಡಿ ನಕ್ಕು ಅಳೆದರೆ ಖಂಡಿತ ಇದೆ ಅಂತ ಗೊತ್ತಾಗುತ್ತದೆ. ಇಂಥ ಸೂಕ್ಷ್ಮಬುದ್ಧಿಯವನ ಮನೆಯ ಮುಂದೆ ಜಟಕಾ ಗಾಡಿಗಳು ಬಂದು ಸಾಲಾಗಿ ನಿಲ್ಲತೊಡಗಿದರೆ ಸುಮ್ಮನಿರುವುದು ಹೇಗೆ?

ಅದು ಯುದ್ಧದ ಕಾಲ. ನಮ್ಮ ಮನೆ ಹಲಸೂರಿನಲ್ಲಿ, ಪೇಟೆಬೀದಿಯಿಂದ ಒಳಕ್ಕೆ ತಿರುಗುವ ಮೂಲೆಯಲ್ಲೇ ಇತ್ತು. ಪೆಟ್ರೋಲಿಗೆ ರೇಷನ್ನು ಬಂದು ಮೋಟಾರುಗಳೆಲ್ಲ ಷೆಡ್ಡು ಸೇರಿದ್ದವು. ದಂಡು ಪ್ರದೇಶದ ತುಂಬ ಸೋಲ್ಜರುಗಳು. ಹೀಗಾಗಿ ಜಟಕಾದವರಿಗೆ ಸುಗ್ಗಿಯೋ ಸುಗ್ಗಿ! ಪೇಟೆಬೀದಿಯಲ್ಲಿ ಮಿಲಿಟರಿ ಲಾರಿಗಳ ಹಾವಳಿ ಹೆಚ್ಚಾದ ಮೇಲೆ ಅಲ್ಲಿ ನಿಲ್ಲುತ್ತಿದ್ದ ಗಾಡಿಗಳು ಒಂದೊಂದಾಗಿ ಜಾರಿ ಬಂದು ನಮ್ಮ ಗೇಟಿನ ಮುಂದೆ ಠಿಕಾಣಿ ಹೂಡಿದವು. ಬೆಳಗ್ಗೆ ಗೇಟು ತೆಗೆದರೆ ಎದುರಿಗೆ ಕುದುರೆಯ ಮುಖ. ಕಾಂಪೌಂಡಿನ ಮೇಲೆ ನನ್ನ ಹೆಂಡತಿ ಕಮಲ ಹಬ್ಬಿಸಿದ್ದ ಮಲ್ಲಿಗೆ ಬಳ್ಳಿ ಒಂದೇ ವಾರದಲ್ಲಿ ಕುದುರೆಗಳ ಹೊಟ್ಟೆ ಸೇರಿತು. ಲದ್ದಿಯ ವಿಷಯ ಸಭ್ಯರು ಓದುವ ಬರಹದಲ್ಲಿ ಬೇಡ. ಗಾಡಿಗಳ ಮರೆಯಲ್ಲಿ ಎದುರು ಬರುವವರು ಕಾಣದೆ ತಿರುವಿನಲ್ಲಿ ಸೈಕಲ್ಲಿನವರು ಬೀಳುವುದು, ಎದ್ದು ಬೈಯುವುದು ನಡೆದೇ ಇತ್ತು.

ಇದನ್ನೂ ಹೇಗೋ ಸಹಿಸಿಕೊಳ್ಳುತ್ತಿದ್ದೆನೇನೋ. ಆದರೆ ನನ್ನ ತಂಗಿ ಶಾರದೆಯನ್ನು ನೋಡಲು ಚಾಮರಾಜಪೇಟೆಯಿಂದ ಗಂಡಿನ ಕಡೆಯವರು ಬರುವ ಶುಕ್ರವಾರ ಬರುವುದಾಗಿ ಹೇಳಿಕಳಿಸಿದ್ದರು. ಅಪ್ಪ ಇಲ್ಲದ ಹುಡುಗಿ. ಆಗಲೇ ಎರಡು ಸಂಬಂಧ ಕೈತಪ್ಪಿ ಹೋಗಿದ್ದವು. ಈ ಹುಡುಗ ಸ್ಕೂಲು ಮೇಷ್ಟರು, ಫೋಟೋ ಕಳಿಸಿದ್ದರು. ನೋಡಲಿಕ್ಕೆಂದು ತೆಗೆದುಕೊಂಡ ಶಾರದೆ ಅದನ್ನು ವಾಪಸು ಕೊಡಲೇ ಇಲ್ಲ. ಕೇಳಿದರೆ "ಎಲ್ಲೋ ಇಟ್ಟಿದೀನಿ ಅಣ್ಣ, ಹುಡುಕಿ ಕೊಡ್ತೀನಿ" ಅಂದಳು. ಇದರಲ್ಲೂ ನನಗೆ ಅನುಮಾನ ಬಂತು. ಜೀವಮಾನದಲ್ಲಿ ನನಗೆ ಸಂತೋಷ ಕೊಟ್ಟ ಅನುಮಾನ ಅದೊಂದೇ. ಈ ಸಂಬಂಧ ಕೂಡಿಬರಬೇಕು, ಬರುವವರು ಲದ್ದಿ ತುಳಿದುಕೊಂಡು ಒಳಗೆ ಬರಬಾರದು ಎಂದು ತೀರ್ಮಾನಿಸಿದೆ.

ಜಟಕಾದವರಲ್ಲಿ ಹಿರಿಯನಾದ ಬಷೀರನನ್ನು ಮೊದಲು ವಿಚಾರಿಸಿಕೊಂಡೆ.

"ಏನಪ್ಪಾ ಬಷೀರ್, ಇದು ನನ್ನ ಮನೆಯೋ, ನಿಮ್ಮ ಲಾಯವೋ?"

"ಲಾಯ ಬಂಬೂ ಬಜಾರ್‌ನಲ್ಲಿ ಐತೆ ಸಾಮಿ. ಇಲ್ಲಿ ಬರೀ ನೆರಳು."

"ಬೇರೆ ಕಡೆ ನೆರಳಿಲ್ವೇನಯ್ಯಾ?"

"ಐತೆ. ಆದ್ರೆ ಅಲ್ಲೆಲ್ಲ ಮನೆಯವ್ರು ಬೈತಾರೆ. ನೀವು ಭಾಳ ಒಳ್ಳೇವ್ರು!"

ಈ ಹೊಗಳಿಕೆಯ ಹಿಂದೆ ಯಾರದೋ ಕೈವಾಡವಿದೆ ಎಂದು ತಕ್ಷಣ ಹೊಳೆಯಿತು. ಎದುರುಮನೆಯ ಮೊದಲಿಯಾರರ ಮನೆಯ ಮುಂದೆ ಒಂದು ಕತ್ತೆಯೂ ನಿಲ್ಲುತ್ತಿರಲಿಲ್ಲ. ಏಕೆ? ಅವರ ಮನೆಯ ಮುಂದೆ ನೆರಳಿಲ್ಲ ಎಂದು ಕಮಲ ಹೇಳಿದಳು. ಅಷ್ಟು ಸುಲಭವಾದ ಕಾರಣಗಳನ್ನು ನಾನು ಒಪ್ಪುವವನಲ್ಲ. ಮೂಲೆಯಲ್ಲಿ ನಿಲ್ಲುವ ಪೊಲೀಸಿನವನ ಹತ್ತಿರ ಹೋಗಿ ದೂರು ಹೇಳಿದೆ. ಅವನು ಸಮಾಧಾನವಾಗಿ ಕೇಳಿ, "ರಸ್ತೆ ಸರ್ಕಾರದ್ದು, ಕುದ್ರೆ ಅವ್ನದ್ದು. ಇದ್ರಲ್ಲಿ ನಿಮ್ದೇನಿದೆ ಸ್ವಾಮಿ?" ಎಂದು ಕಾನೂನು ವಿವರಿಸಿದ. ವಿವರಿಸಿದವನೇ ಬಷೀರನ ಗಾಡಿ ಹತ್ತಿ ಊಟಕ್ಕೆ ಹೊರಟುಹೋದ!

ಹತಾಶನಾಗಿ ಕಚೇರಿಯಿಂದ ವಾಪಸು ಬರುತ್ತಿದ್ದಾಗ ನನಗೆ ಜ್ಞಾನೋದಯವಾಯಿತು. ಕೆರೆಯ ಹತ್ತಿರ ಮೂರು ದಾರಿ ಕೂಡುವ ಕಡೆ ಯಾರೋ ದೃಷ್ಟಿ ತೆಗೆದು ನಿಂಬೆಹಣ್ಣು ಹಾಕಿದ್ದರು. ಎರಡು ಹೋಳು, ಮೇಲೆ ಒಂದಿಷ್ಟು ಕುಂಕುಮ. ಬಂದ ಜಟಕಾಗಳೆಲ್ಲ ಅದನ್ನು ಬಳಸಿ ಹೋದವು. ಸೈಕಲ್ಲಿನವರು ಇಳಿದು ತಳ್ಳಿಕೊಂಡು ಹೋದರು. ಹಿಂದೆಯೇ ಬಂದ ಮಿಲಿಟರಿ ಲಾರಿ, ಪೊಲೀಸಿನವನು ಕೈ ಅಡ್ಡ ಹಿಡಿದರೂ ನಿಲ್ಲದ ಲಾರಿ, ಆ ನಿಂಬೆಹಣ್ಣಿಗೆ ಮರ್ಯಾದೆ ಕೊಟ್ಟು ಪಕ್ಕಕ್ಕೆ ಸರಿಯಿತು! ನನಗೆ ರೋಮಾಂಚನವಾಯಿತು. ಸರ್ಕಾರದ ಕೈಯಲ್ಲಿ ಆಗದ್ದನ್ನು ಒಂದು ನಿಂಬೆಹಣ್ಣು ಮಾಡುವುದಾದರೆ ಅರ್ಜಿ ಬರೆದು ಕೈ ನೋಯಿಸಿಕೊಳ್ಳುವುದೇಕೆ?

ಮಂಗಳವಾರ ಕೋಳಿ ಕೂಗುವ ಹೊತ್ತಿಗೆ ಎದ್ದೆ. ನಿಂಬೆಹಣ್ಣು ಹೆಚ್ಚಿ ಕುಂಕುಮ ಬಳಿದೆ. ಇಷ್ಟೇ ಆದರೆ ಸಪ್ಪೆಯಾಯಿತೆನ್ನಿಸಿ ಒಣಮೆಣಸಿನಕಾಯಿ, ಇದ್ದಿಲು, ಕಿಟಕಿಯ ಹತ್ತಿರ ಬಿದ್ದಿದ್ದ ಹಸಿರು ಬಳೆಚೂರು ಎಲ್ಲ ಸೇರಿಸಿದೆ. ಗೇಟಿನಾಚೆ, ಬಷೀರನ ಗಾಡಿ ದಿನವೂ ನಿಲ್ಲುವ ಜಾಗದಲ್ಲಿ ಸರಿಯಾಗಿ ಇಟ್ಟು ಬಂದು ಮುಸುಕು ಹಾಕಿಕೊಂಡೆ.

ಬೆಳಗಾಯಿತು. ಬಷೀರ್ ಬಂದ. ಲಗಾಮು ಎಳೆದ. "ತೋಬಾ, ತೋಬಾ!" ಎಂದವನೇ ಗಾಡಿ ತಿರುಗಿಸಿದ. ಹಿಂದೆ ಬಂದವರೂ ತಿರುಗಿಸಿದರು. ನಮ್ಮ ಗೇಟಿನ ಮುಂದೆ ಬಯಲೋ ಬಯಲು! ಅಂದು ನಾನು ಎರಡು ಸಲ ಕಾಫಿ ಕುಡಿದೆ.

ಮೂರನೆಯ ಸಲಕ್ಕೆ ಹಾಲಿರಲಿಲ್ಲ. ಏಕೆಂದರೆ ಹಾಲಿನವನು ಬಂದಿರಲಿಲ್ಲ. ಕೆಲಸದ ಮುನಿಯಮ್ಮ ರಸ್ತೆಯಾಚೆ ನಿಂತೇ ಕೂಗಿದಳು: "ಅಮ್ಮಾವ್ರೇ, ನಾನು ಮಕ್ಕಳೊಂದಿಗಳು! ಅದನ್ನ ದಾಟಿ ಬರಾಕಿಲ್ಲ!" ಕಮಲ ಹೊರಗೆ ಹೋಗಿ ನೋಡಿ ಬಿಳುಚಿಕೊಂಡು ಒಳಗೆ ಬಂದಳು.

"ರೀ, ಯಾರೋ ನಮಗೆ ಮಾಟ ಮಾಡ್ಸಿದಾರೆ!"

"ಛೆ, ಯಾರೋ ಹುಡುಗರು ಆಟಕ್ಕೆ ಇಟ್ಟಿರ್ಬೇಕು ಬಿಡು."

"ಆಟವಂತೆ! ಬಳೆಚೂರು ನೋಡಿದ್ರಾ? ಅದು ನಂದೇ ಬಳೆ. ಮನೆ ಒಳಗಿಂದ ಕದ್ದು ಮಾಡಿದಾರೆ. ಎದುರುಮನೆಯವಳದೇ ಕೆಲಸ! ಮೊನ್ನೆ ಶಾರದೆ ಜಡೆ ನೋಡಿ 'ಎಷ್ಟುದ್ದ ಇದೆ' ಅಂದ್ಲು. ಆಗ್ಲೇ ಅಂದ್ಕೊಂಡೆ!"

ನಿಜ ಹೇಳಿಬಿಡಲು ಅದು ಸರಿಯಾದ ಸಮಯವಾಗಿತ್ತು. ಆದರೆ ಕಮಲ ಕೈಯಲ್ಲಿ ಸೌಟು ಹಿಡಿದಿದ್ದಳು.

ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಸಂಗತಿ ತಿಳಿಯಿತು. ನಮ್ಮ ಬದಿ ಬಿಟ್ಟು ಗಾಡಿಗಳೆಲ್ಲ ಮೊದಲಿಯಾರರ ಗೋಡೆ ಉಜ್ಜಿಕೊಂಡು ಹೋಗತೊಡಗಿದ್ದವು. ಹೋಗುವವರೂ ಅಲ್ಲೇ, ಬರುವವರೂ ಅಲ್ಲೇ! ಬ್ರೆಡ್ಡು ಮಾರುವ ಸೈಕಲ್ಲಿನವನು ಜಟಕಾಕ್ಕೆ ಗುದ್ದಿ ಬಿದ್ದು, ಬೀದಿಯ ತುಂಬ ಬ್ರೆಡ್ಡು ಉರುಳಿತು. ಮೊದಲಿಯಾರರು ಹೊರಗೆ ಬಂದು ನಿಂಬೆಹಣ್ಣು ನೋಡಿದರು, ನನ್ನನ್ನು ನೋಡಿದರು. "ಎನ್ನ ಸಾರ್ ಇದು? ಯಾರೋ ನಮ್ಮ ಮನೆಗೆ ಅಂತಾನೇ ಎದುರಿಗೆ ಇಟ್ಟವ್ರೆ!" ಎಂದರು. ಅವರ ದನಿ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಸಂಜೆಗೆ ಪರಿಹಾರಕ್ಕೆಂದು ಅವರು ಒಂದು ಬೂದುಗುಂಬಳಕಾಯಿ ತಂದು ನಿವಾಳಿಸಿ ನನ್ನ ನಿಂಬೆಹಣ್ಣಿನ ಪಕ್ಕದಲ್ಲೇ ಒಡೆದರು.

ಅಲ್ಲಿಗೆ ಬಾಗಿಲು ತೆರೆದಂತಾಯಿತು. ಹೇಗೂ ಕೆಟ್ಟ ಜಾಗ, ಇನ್ನೊಂದು ಬಿದ್ದರೇನು ಎಂದು ಹಲಸೂರಿಗೆ ಹಲಸೂರೇ ಯೋಚಿಸಿತು. ಯಾರ ಮನೆಯ ಮಗುವಿಗೆ ನೆಗಡಿಯಾದರೂ, ಯಾರ ಹಸು ಒದ್ದರೂ, ನಿವಾಳಿಸಿದ್ದು ನಮ್ಮ ಗೇಟಿಗೆ! ಗುರುವಾರದ ಹೊತ್ತಿಗೆ ಅಲ್ಲಿ ನಿಂಬೆಹಣ್ಣು, ಕುಂಬಳಕಾಯಿ, ಮೊಟ್ಟೆ, ಕಪ್ಪು ಬಟ್ಟೆಯ ಗೊಂಬೆ ಎಲ್ಲ ಸೇರಿ ಒಂದು ಗುಡ್ಡೆಯಾಗಿತ್ತು. ಬೀದಿ ಗುಡಿಸುವವನನ್ನು ಕರೆದೆ. "ಕಸ ಆದ್ರೆ ಎತ್ತುತೀನಿ ಸಾಮಿ, ಇದು ಕಸ ಅಲ್ಲ" ಎಂದು ಪೊರಕೆ ಸಮೇತ ಓಡಿದ.

ಕೊನೆಗೆ ನಾನೇ ಕೋಲು ಹಿಡಿದು ಹೋದೆ. ನಾನಿಟ್ಟ ನಿಂಬೆಹಣ್ಣು, ನನಗೆಂಥ ಭಯ? ಆದರೆ ಬಗ್ಗಿ ನೋಡಿದರೆ ಹತ್ತಾರು ನಿಂಬೆಹಣ್ಣು, ಎಲ್ಲಕ್ಕೂ ಕುಂಕುಮ. ಇದರಲ್ಲಿ ನನ್ನದು ಯಾವುದು? ನಿಜವಾಗಿ ಮಾಟ ಮಾಡಿದವರದು ಯಾವುದು? ಕಪ್ಪು ಗೊಂಬೆ ನನ್ನನ್ನೇ ನೋಡುತ್ತಿದೆ ಅನ್ನಿಸಿತು. ಕೋಲು ಅಲ್ಲೇ ಬಿಟ್ಟು ಒಳಗೆ ಓಡಿಬಂದು ಕಾಲು ತೊಳೆದುಕೊಂಡೆ!

ಶುಕ್ರವಾರ ಬಂದೇಬಿಟ್ಟಿತು. ರೇಷನ್ನು ಸಕ್ಕರೆಯನ್ನು ಕೂಡಿಟ್ಟು ಕಮಲ ಕೇಸರಿಭಾತು ಮಾಡಿದ್ದಳು. ಶಾರದೆ ರೇಷ್ಮೆ ಸೀರೆ ಉಟ್ಟು, ಬೆಳಗಿನಿಂದ ಕಿಟಕಿಯ ಹತ್ತಿರವೇ ಕೂತಿದ್ದಳು. ಹುಡುಗನನ್ನೂ ಅವನ ತಂದೆ ತಾಯಿಯನ್ನೂ ಕೂರಿಸಿಕೊಂಡು ಜಟಕಾ ತಿರುವಿಗೆ ಬಂತು. ಬಂದದ್ದೇ ತಡ, ನಿಂತಿತು. ಮೂಲೆಯಲ್ಲಿದ್ದ ಬಷೀರ್ ಒಳ್ಳೆಯ ಮನಸ್ಸಿನಿಂದಲೇ ಅಡ್ಡ ಬಂದಿದ್ದ.

"ಆ ಮನೆಗಾ? ಬ್ಯಾಡಿ ಸಾಮಿ! ಆ ಮನೆಗೆ ಯಾರೋ ಮಾಡ್ಸವ್ರೆ. ಭಾಳ ದೊಡ್ಡದು!"

ಹುಡುಗನ ತಾಯಿ ಕತ್ತು ಚಾಚಿ ಗುಡ್ಡೆ ನೋಡಿದರು. "ಅಯ್ಯೋ ಶಿವನೇ! ಗಾಡಿ ತಿರುಗ್ಸಪ್ಪಾ ಮೊದ್ಲು!"

ಗಾಡಿ ತಿರುಗಿತು. ಶಲ್ಯ ಜಾರಿದರೂ ಲೆಕ್ಕಿಸದೆ ಬೀದಿಗೆ ಹಾರಿ, ಪೇಟೆಬೀದಿಗೆಲ್ಲ ಕೇಳುವಂತೆ ಕೂಗಿದೆ.

"ನಿಲ್ಸಿ! ನಿಲ್ಸಿ! ಯಾರೂ ಮಾಡ್ಸಿಲ್ಲ! ಅದನ್ನ ಇಟ್ಟಿದ್ದು ನಾನೇ!"

ಬಷೀರ್ ಹಿಂದಕ್ಕೆ ಸರಿದ. ಮೊದಲಿಯಾರರು ಜಗಲಿಯಿಂದ "ನೀವಾ ಸಾರ್?" ಎಂದು ಉಸಿರೆಳೆದರು. ಬಾಗಿಲಲ್ಲಿ ನಿಂತ ಕಮಲ "ನನ್ನ ಬಳೆ!" ಎಂದಳು. ಹುಡುಗನ ತಾಯಿ ಎದೆ ಮುಟ್ಟಿಕೊಂಡು, "ಕೇಳಿದ್ರೇನ್ರೀ? ಹುಡುಗಿ ಅಣ್ಣನೇ ಮಾಟಗಾರನಂತೆ!" ಎಂದರು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ನನ್ನನ್ನು ಪಕ್ಕಕ್ಕೆ ತಳ್ಳಿದರು. ಶಾರದೆ! ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಮೊರ.

"ದಾರಿ ಬಿಡು ಅಣ್ಣ" ಎಂದಳು.

ಕುಂಬಳಕಾಯಿ, ಮೊಟ್ಟೆ, ಗೊಂಬೆ ಎನ್ನದೆ ಎಲ್ಲವನ್ನೂ ಮೊರಕ್ಕೆ ಬಳಿದು ಬಳಿದು ಮೋರಿಗೆ ಸುರಿದಳು. ಪೊರಕೆಗೆ ಸಿಗದ ನಿಂಬೆಹಣ್ಣುಗಳನ್ನು ಬರಿಗೈಯಲ್ಲೇ ಹೆಕ್ಕಿ ಎಸೆದಳು. ಅವಳ ಕಣ್ಣಲ್ಲಿ ನೀರಿತ್ತು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆ ಗಳಿಗೆಯಲ್ಲಿ ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಇರುವ ಒಬ್ಬ ತಂಗಿಗೆ ಒಳ್ಳೆಯದು ಮಾಡಲು ಹೋಗಿ ನಡುಬೀದಿಯಲ್ಲಿ ಅಳಿಸಿದ್ದೆ. ಅವಳು ಜಟಕಾದವನ ಕಡೆ ತಿರುಗಿ, "ಈಗ ಬನ್ನಿ, ಜಾಗ ಇದೆ" ಎಂದು ಹೇಳಿ ಕೈ ತೊಳೆಯಲು ಒಳಗೆ ಹೋದಳು.

ಗಾಡಿಯಿಂದ ಮೊದಲು ಇಳಿದವನು ಹುಡುಗ. "ಅಮ್ಮಾ, ಇಳಿ. ನಾನು ಹುಡುಗೀನ ನೋಡಾಯ್ತು. ಇನ್ನು ತಿಂಡಿ ತಿನ್ನೋಣ" ಎಂದ. ಕೇಸರಿಭಾತು ಖಾಲಿಯಾಗುವ ಹೊತ್ತಿಗೆ ತಾಯಿಯೂ ಒಪ್ಪಿದರು. ಆದರೆ ತಾಂಬೂಲ ತೆಗೆದುಕೊಳ್ಳುವಾಗ ಕಮಲಳ ಕಿವಿಯಲ್ಲಿ, ನನಗೂ ಕೇಳುವಂತೆ, ಒಂದು ಷರತ್ತು ಹಾಕಿದರು: "ನಿಮ್ಮನೆಯವ್ರು ನಮ್ಮನೆಗೆ ಬಂದಾಗ ಕೈಚೀಲ ಬಾಗಿಲಲ್ಲೇ ಬಿಚ್ಚಿ ತೋರಿಸ್ಬೇಕು."

ಅವರು ಹೊರಟು ಅರ್ಧ ಗಂಟೆಯೊಳಗೆ ಜಟಕಾಗಳೆಲ್ಲ ನಮ್ಮ ಗೇಟಿಗೆ ವಾಪಸಾದವು. ನಿಲ್ಲುವುದು ಅಲ್ಲೇ. ಆದರೆ ಇಡೀ ದಂಡಿನಲ್ಲಿ ನನ್ನನ್ನು ಹತ್ತಿಸಿಕೊಳ್ಳುವ ಜಟಕಾ ಒಂದೂ ಇಲ್ಲದಂತಾಯಿತು. ಮದುವೆಯ ದಿನ ಮನೆಯವರು, ನೆಂಟರು, ಕೊನೆಗೆ ಮೊದಲಿಯಾರರೂ ಗಾಡಿ ಏರಿ ಛತ್ರಕ್ಕೆ ಹೊರಟರು. ಶಾರದೆಯ ಗಾಡಿಗೆ ಬಷೀರ್ ಹೂವಿನ ಹಾರ ಕಟ್ಟಿದ್ದ. ನಾನು ಮೆಟ್ಟಿಲಿಗೆ ಕಾಲಿಡಲು ಹೋದರೆ ಕೈಮುಗಿದ. "ತಪ್ಪು ತಿಳೀಬ್ಯಾಡಿ ಸಾಮಿ. ನಮ್ ಕುದ್ರೆ ಇನ್ನೂ ಎಳೇದು, ಹೆದ್ರುತ್ತೆ."

ಹೆಣ್ಣಿನ ಅಣ್ಣನಾದ ನಾನು ಜರಿಪೇಟ ಕಟ್ಟಿಕೊಂಡು ಬಿಸಿಲಲ್ಲಿ ನಡೆದುಕೊಂಡು ಹೊರಟೆ. ಹಿಂದಿನಿಂದ ಬಂದ ಜಟಕಾಗಳು, ಸೈಕಲ್ಲುಗಳು, ಕೊನೆಗೆ ಒಂದು ಮಿಲಿಟರಿ ಲಾರಿಯೂ ಕೂಡ, ನನ್ನ ಹತ್ತಿರ ಬಂದೊಡನೆ ದೂರಕ್ಕೆ ಸರಿದು ಬಳಸಿಕೊಂಡು ಹೋದವು. ರಸ್ತೆಯ ಸುರಕ್ಷತೆಯ ದೃಷ್ಟಿಯಿಂದ ಹೇಳುವುದಾದರೆ, ಆ ದಿನ ಹಲಸೂರಿನಲ್ಲಿ ನನ್ನಷ್ಟು ಕ್ಷೇಮವಾಗಿ ನಡೆದವರು ಇನ್ನೊಬ್ಬರಿರಲಿಲ್ಲ!