ಹಂತ ತೋರಿಸದ ಭರವಸೆಗೆ ಅಂಕವಿಲ್ಲ

ನಮ್ಮ ಸೋದರಮಾವನ ಕೈಯಲ್ಲಿ ಪಾಸಾದ ಅಭ್ಯರ್ಥಿ ಈ ವಾರ್ಡಿನಲ್ಲಿ ಇನ್ನೂ ಹುಟ್ಟಿಲ್ಲ. ಗೆದ್ದವರಿದ್ದಾರೆ, ಸೋತವರಿದ್ದಾರೆ, ಠೇವಣಿ ಕಳೆದುಕೊಂಡವರೂ ಇದ್ದಾರೆ. ಜನ ಅವರನ್ನೆಲ್ಲ ಒಂದೊಂದು ರೀತಿ ತೂಗಿರಬಹುದು. ಮಾವ ಮಾತ್ರ ಎಲ್ಲರನ್ನೂ ಸಮಾನವಾಗಿ ಫೇಲು ಮಾಡಿದ್ದಾರೆ. ಪಕ್ಷಭೇದ ಎಂಬುದು ಅವರಲ್ಲಿ ಎಳ್ಳಷ್ಟೂ ಇಲ್ಲ!

ಮಾವ ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರಾಗಿದ್ದವರು. ಬೇಸಿಗೆ ಬಂತೆಂದರೆ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ ತಿದ್ದಲು ಹೊರಡುತ್ತಿದ್ದರು. ನಿವೃತ್ತರಾದಾಗ ಶಾಲೆ ಅವರನ್ನು ಬಿಟ್ಟಿತು, ಕೆಂಪು ಪೆನ್ನು ಬಿಡಲಿಲ್ಲ. ನನ್ನ ಮದುವೆಯ ಲಗ್ನಪತ್ರಿಕೆಯನ್ನು ಅಪ್ಪ ಮೊದಲು ಅವರಿಗೇ ಕೊಡಲು ಹೋಗಿದ್ದರು. ಮಾವ ಅಲ್ಲೇ ಕೂತು ತಿದ್ದಿ, ಹತ್ತಕ್ಕೆ ಆರು ಕೊಟ್ಟು, 'ಮುಹೂರ್ತ ಸರಿ, ಛತ್ರಕ್ಕೆ ದಾರಿ ಬರೆದಿಲ್ಲ' ಎಂದು ಷರಾ ಹಾಕಿ ಅಪ್ಪನ ಕೈಗೇ ವಾಪಸು ಕೊಟ್ಟರು. ಅಂಥವರ ಗೇಟಿನ ಸಂದಿಯಲ್ಲಿ ಚುನಾವಣೆಯ ಕರಪತ್ರ ತೂರಿಸಿ ಹೋದರೆ ಏನಾದೀತು, ನೀವೇ ಹೇಳಿ.

ಅವರದು ಒಂದೇ ನಿಯಮ. ಉತ್ತರ ಹೇಗಾದರೂ ಇರಲಿ, ಹಂತಗಳನ್ನು ತೋರಿಸಬೇಕು. ಉತ್ತರ ಪಕ್ಕದವನನ್ನು ನೋಡಿ ಬರೆಯಬಹುದು, ಹಂತಗಳನ್ನು ತಾನೇ ದಾಟಬೇಕು ಎನ್ನುವುದು ಅವರ ವಾದ. ಹಾಗಾಗಿ 'ಕಸಮುಕ್ತ ವಾರ್ಡ್' ಎಂದು ಅಚ್ಚಾದ ಕಡೆಯೆಲ್ಲ ಅಂಚಿನಲ್ಲಿ ಕೆಂಪಕ್ಷರ: 'ಹೇಗೆ?' 'ಇಪ್ಪತ್ನಾಲ್ಕು ಗಂಟೆ ನೀರು' ಎಂದಿದ್ದ ಕಡೆ: 'ಎಲ್ಲಿಂದ?' ಚಾಮರಾಜಪೇಟೆಯ ಅವರ ಹಳೆಯ ಮನೆಯ ಮಹಡಿಯ ಮೇಲೆ ನಾನು ಸಂಸಾರ ಹೂಡಿ ಹನ್ನೆರಡು ವರ್ಷವಾಯಿತು. ಬ್ಯಾಂಕಿನಿಂದ ಬಂದು ಮೆಟ್ಟಿಲು ಹತ್ತುವ ಮುಂಚೆ ಅವತ್ತಿನ ಫಲಿತಾಂಶ ಕೇಳಿಕೊಂಡೇ ಹೋಗಬೇಕು.

ನಗುವವರು ಇಲ್ಲಿ ಸ್ವಲ್ಪ ತಡೆಯಬೇಕು. ಮಾವ ತಿದ್ದುವುದು ಇಡೀ ಕರಪತ್ರವನ್ನೇ ಆದರೂ ಅವರ ಕಣ್ಣು ಹುಡುಕುವುದು ಒಂದೇ ಸಾಲನ್ನು. ಫುಟ್‌ಪಾತ್. ಎರಡು ವರ್ಷದ ಹಿಂದೆ ನಮ್ಮ ಬೀದಿಯಲ್ಲೇ, ಮೋರಿಯ ಮೇಲೆ ಹಾಸಿದ್ದ ಒಂದು ಕಲ್ಲುಚಪ್ಪಡಿ ಓಲಾಡಿ, ಅತ್ತೆಯ ಕಾಲು ಒಳಗಿಳಿದು, ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ವಾಕರ್ ಬಂತು. ಅಂದಿನಿಂದ ಅತ್ತೆ ನಡೆದುಕೊಂಡು ಗೇಟು ದಾಟಿಲ್ಲ.

ಬೀದಿಯ ಆ ತುದಿಯ ಮನೆಯಲ್ಲಿ ಅತ್ತೆಯ ಗೆಳತಿಯಿದ್ದಾರೆ. ನಲವತ್ತು ವರ್ಷ, ಮಧ್ಯಾಹ್ನದ ಊಟವಾದ ಮೇಲೆ, ಅತ್ತೆ ಚಪ್ಪಲಿ ಮೆಟ್ಟಿ ಅಲ್ಲಿಗೆ ಹೋಗುತ್ತಿದ್ದರು. ಇಬ್ಬರೂ ಎದುರುಬದುರು ಕೂತು ಹೂಬತ್ತಿ ಹೊಸೆಯುತ್ತಿದ್ದರು. ಬಾಯಿಗೂ ಕೈಗೂ ಒಟ್ಟಿಗೆ ಕೆಲಸ. ಆ ಗೆಳತಿಗೆ ಈಗ ಕಿವಿ ಪೂರ್ತಿ ಹೋಗಿದೆ, ಮಂಡಿ ಹಿಡಿದುಕೊಂಡು ಏಳಲೂ ಆಗುವುದಿಲ್ಲ. ಫೋನಿನಲ್ಲಿ ಮಾತಾಡುವಂತಿಲ್ಲ. ಅತ್ತೆ ಎದುರಿಗೆ ಕೂತು ತುಟಿ ಆಡಿಸಿದರೆ ಮಾತ್ರ ಎಲ್ಲ ತಿಳಿಯುತ್ತದೆ. ಕಾರಿನಲ್ಲಿ ಕರೆದುಕೊಂಡು ಹೋಗಬಾರದೇ ಎನ್ನುತ್ತೀರಿ. ಎರಡು ಸಲ ಹೋದೆ. ನಮ್ಮದು ಒಮ್ಮುಖದ ರಸ್ತೆ, ಪೇಟೆಯನ್ನೆಲ್ಲ ಸುತ್ತಿ ಬರಬೇಕು. ಅತ್ತೆ ನಡುರಸ್ತೆಯಲ್ಲಿ ಒಂದೊಂದೇ ಕಾಲು ಇಳಿಸುವಾಗ ಹಿಂದೆ ಹಾರ್ನುಗಳ ಮೇಳ. 'ಗೆಳತಿ ಮನೆಗೆ ಹೋಗೋದು ಅಂದ್ರೆ ಮನಸ್ಸು ಬಂದಾಗ ಎದ್ದು ಹೋಗೋದಮ್ಮ. ಇದೇನು ಮೆರವಣಿಗೆ' ಎಂದು ಅತ್ತೆ ನಿಲ್ಲಿಸಿಬಿಟ್ಟರು. ಮಾವನಿಗೆ ಬೇಕಾಗಿರುವುದು ಆ ಮನೆಯವರೆಗಿನ ಫುಟ್‌ಪಾತ್ ಅಷ್ಟೇ.

ಈ ಸಲ ಮೊದಲು ಬಂದವನು ಅಕ್ಕಿಪೇಟೆಯಲ್ಲಿ ತಲೆಮಾರುಗಳಿಂದ ಅಕ್ಕಿ ವ್ಯಾಪಾರ ಮಾಡುವವರ ಮಗ. ತಮಟೆ, ಹಾರ, ಹಿಂದೆ ಮೂವತ್ತು ಜನ. ನಮ್ಮ ಕಡೆ ಅಭ್ಯರ್ಥಿ ಬಾಗಿಲಿಗೆ ಬಂದು ಕಾಲಿಗೆ ಬಿದ್ದರೆ ಹಿರಿಯರು ತಲೆಯ ಮೇಲೆ ಅಕ್ಷತೆ ಹಾಕಿ ಹರಸುವುದು ವಾಡಿಕೆ. ಅತ್ತೆ ಪಾಪ, ಕೂತಲ್ಲೇ ಬಟ್ಟಲು ಸಿದ್ಧ ಮಾಡಿಕೊಂಡಿದ್ದರು. ಮಾವ ತಡೆದರು. "ಅಕ್ಷತೆ ಒಳಗಿಡು. ಮೊದ್ಲು ರಿಸಲ್ಟ್ ಬರ್ಲಿ."

ಆಮೇಲೆ ಅವನನ್ನು ಜಗಲಿಯ ಮೇಲೆ ಕೂರಿಸಿ ಕೇಳಿದರು. "ವಿಶ್ವದರ್ಜೆಯ ಪಾದಚಾರಿ ಮಾರ್ಗ ಅಂತ ಹಾಕಿಸಿದೀಯಲ್ಲಪ್ಪ, ಎಷ್ಟಡಿ ಅಗಲ?"

"ವಿಶ್ವದರ್ಜೆ ಸಾರ್."

"ಅದೇ, ಎಷ್ಟಡಿ?"

ಅವನು ಹಿಂದಿದ್ದವರ ಮುಖ ನೋಡಿದ. ಅವರು 'ಅಣ್ಣನಿಗೆ ಜಯವಾಗಲಿ' ಎಂದರು. ಮಾವ ಒಂದು ಬಿಳಿ ಹಾಳೆ ತೆಗೆದು, ಜ್ಯಾಮಿತಿಯ ಪ್ರಮೇಯಕ್ಕೆ ಬರೆಯುವಂತೆ ದತ್ತ, ಸಾಧನೀಯ, ಸಾಧನೆ ಎಂದು ಮೂರು ಸಾಲು ಎಳೆದರು. ದತ್ತ: ಚಪ್ಪಡಿ ಮುರಿದಿದೆ. ಸಾಧನೀಯ: ವಿಶ್ವದರ್ಜೆ. "ಸಾಧನೆ ಇರೋ ಕಡೆ ನೀನು ಬರಿ. ಹೆಂಗೆ ಮಾಡಿಸ್ತೀಯ, ಯಾರಿಂದ, ಎಷ್ಟು ದಿನದಲ್ಲಿ." ಅಂಗಡಿಯ ಲೆಕ್ಕವನ್ನು ಬಾಯಲ್ಲೇ ಹಾಕುವ ಜಾಣ ಹತ್ತು ನಿಮಿಷ ಬೆವರಿ ಕೊನೆಗೆ 'ತಮ್ಮ ಆಶೀರ್ವಾದ' ಎಂದು ಬರೆದ. ಅಕ್ಷರ ದುಂಡಗಿದ್ದದ್ದಕ್ಕೆ ಅರ್ಧ ಅಂಕ ಬಂತು.

ಎರಡನೆಯವರು ಹಿಂದೊಮ್ಮೆ ಗೆದ್ದು ಕಾರ್ಪೊರೇಷನ್ ಸದಸ್ಯರಾಗಿದ್ದವರು. ಅವರ ಕಾಲದಲ್ಲಿ ನಮ್ಮ ಬೀದಿಯ ಫುಟ್‌ಪಾತನ್ನು ಎರಡು ಸಲ ಹಾಸಿ ಮೂರು ಸಲ ಅಗೆದಿದ್ದರು. ಮಾವ ಅವರಿಗೆ ಲಿಖಿತ ಪರೀಕ್ಷೆ ಬೇಡವೆಂದು ಪ್ರಾಯೋಗಿಕ ಪರೀಕ್ಷೆ ಇಟ್ಟರು. ಅತ್ತೆಯ ವಾಕರ್ ಮುಂದಿಟ್ಟು, "ಇದನ್ನ ಹಿಡ್ಕೊಂಡು ಆ ಕೊನೆ ಮನೆತನಕ ಹೋಗ್ಬಂದ್ಬಿಡಿ. ರಸ್ತೆಗೆ ಇಳಿಯೋ ಹಾಗಿಲ್ಲ" ಎಂದರು.

ಅವರೂ ಗಟ್ಟಿಗರೇ. ನಡೆದರು. ತಮಟೆಯವರು ತಾಳ ಕೊಟ್ಟರು. ಮೊದಲ ಮನೆಯ ಮುಂದೆ ಬೈಕು, ಎರಡನೆಯದರ ಮುಂದೆ ಮರದ ಬೇರು. ಮೂರನೆಯ ಮನೆಯ ಹತ್ತಿರ ವಾಕರಿನ ಮುಂಗಾಲು ಚಪ್ಪಡಿಗಳ ಸಂದಿಗೆ ಸಿಕ್ಕಿಕೊಂಡು, ನಾಲ್ಕು ಜನ ಸೇರಿ ವಾಕರನ್ನೂ ನಾಯಕರನ್ನೂ ಬೇರೆ ಬೇರೆಯಾಗಿ ಎಳೆಯಬೇಕಾಯಿತು. ಸುತ್ತ ಮೊಬೈಲುಗಳು. ಸೋತು ಮರಳಿದರು ಎಂದು ನಾವು ತಿಳಿದೆವು. ಮಾರನೇ ದಿನ ಬೀದಿಯಲ್ಲಿ ದೊಡ್ಡ ಫ್ಲೆಕ್ಸ್. ವಾಕರ್ ಹಿಡಿದ ನಾಯಕರು, ಕೆಳಗೆ 'ಹಿರಿಯರ ನೋವಿಗೆ ನಮ್ಮ ಹೆಗಲು'. ಅದನ್ನು ಎರಡು ಕಂಬಗಳ ನಡುವೆ ಫುಟ್‌ಪಾತಿಗೇ ಅಡ್ಡಲಾಗಿ ಕಟ್ಟಿದ್ದರು!

ಇಷ್ಟರಲ್ಲಿ ವಾಕರ್ ಎಲ್ಲಿ? ಫೋಟೊ ಚೆನ್ನಾಗಿ ಬಂತೆಂದು ಬೆಂಬಲಿಗರು ಅದನ್ನು ಪಕ್ಕದ ಬೀದಿಗಳಿಗೂ ಒಯ್ದಿದ್ದರು. ತಿರುಗಿ ಬರಲು ಎರಡು ದಿನವಾಯಿತು. ಆ ಎರಡು ದಿನ ಅತ್ತೆ ಬಚ್ಚಲಿಗೆ ಹೋಗಲು ಗೋಡೆ ಹಿಡಿದುಕೊಂಡರು. ನಾನು ಈ ಕಥೆಯನ್ನು ಆಫೀಸಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ಮನೆಗೆ ಬಂದಾಗ ಮಾವ ಅತ್ತೆಯ ಹಿಂದೆ ಎರಡೂ ಕೈ ಚಾಚಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತಿದ್ದರು. ನನಗೆ ನಾಚಿಕೆಯಾಯಿತು.

ಮೂರನೆಯವರಿಗೆ ತಮಟೆಯಿರಲಿಲ್ಲ. ಕಲಾಸಿಪಾಳ್ಯದಲ್ಲಿ ಸೊಪ್ಪಿನ ಮಂಡಿ ಇಟ್ಟವರು, ಐವತ್ತರ ಹತ್ತಿರದವರು. ಜೊತೆಗೆ ಒಬ್ಬನೇ ಕಾರ್ಯಕರ್ತ. ಒಂದು ಭಾನುವಾರ ಬಿಸಿಲಿಗೆ ಬಳಲಿ, ನಮ್ಮ ಗೇಟಿನ ಮರದ ನೆರಳಿಗೆ ಬಂದು, ಕುಡಿಯಲು ನೀರು ಕೇಳಿದರು. ಅತ್ತೆ ಮಜ್ಜಿಗೆ ಕೊಡಿಸಿದರು. ಮಾವ ಪೆನ್ನು ತೆಗೆದರು.

"ಫುಟ್‌ಪಾತ್ ಮಾಡಿಸ್ತೀರಾ?"

"ಮಾಡಿಸ್ತೀನಿ ಅಂದ್ರೆ ಸುಳ್ಳಾಗತ್ತೆ ಸಾರ್."

ಮಾವನ ಹುಬ್ಬು ಮೇಲೇರಿತು. "ಯಾಕೆ? ಹಂತಹಂತವಾಗಿ ಹೇಳಿ."

"ಮೊದ್ಲು ಎಸ್ಟಿಮೇಟ್ ಆಗ್ಬೇಕು. ಆಮೇಲೆ ಟೆಂಡರ್. ತಗೊಂಡೋನು ಇನ್ನೊಬ್ಬನ ಕೈಗೆ ಕೊಡ್ತಾನೆ. ಅವನು ಕಲ್ಲು ಹಾಸಿದ ಮುಂದಿನ ವಾರ ನೀರಿನ ಪೈಪಿನೋರು ಬರ್ತಾರೆ. ಅವರಾದ್ಮೇಲೆ ಕೇಬಲ್‌ನೋರು. ಅಗೆಯೋಕೆ ಪರ್ಮಿಷನ್ ಇರತ್ತೆ, ಮುಚ್ಚೋದು ಯಾರ ಕೆಲ್ಸಾನೂ ಅಲ್ಲ. ಮುಚ್ಚೋಕೆ ಇನ್ನೊಂದು ಎಸ್ಟಿಮೇಟ್."

"ಹೂಂ. ಮುಂದೆ?"

"ಮುಂದೇನಿಲ್ಲ ಸಾರ್, ಮತ್ತೆ ಮೊದ್ಲಿಂದ. ನಾನು ಗೆದ್ರೆ ಅಗೆದೋರ ಬೆನ್ನು ಹತ್ತಿ ಮುಚ್ಚಿಸೋಕೆ ನೋಡ್ತೀನಿ. ಆಗತ್ತೋ ಇಲ್ವೋ ಗೊತ್ತಿಲ್ಲ."

ಮಾವ ಹಾಗೆ ತಲೆದೂಗಿದ್ದನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. "ಉತ್ತರ ಬಂದಿಲ್ಲ. ಆದ್ರೆ ಒಂದು ಹಂತಾನೂ ಬಿಟ್ಟಿಲ್ಲ" ಎಂದು ಏಳು ಅಂಕ ಕೊಟ್ಟರು. ನಾನು ಬೆರಗಾದೆ. ಅತ್ತೆ ಒಳಗಿನಿಂದಲೇ "ಏಳಾ?" ಎಂದರು.

ಆತ ಮಜ್ಜಿಗೆಯ ಲೋಟ ಕೆಳಗಿಟ್ಟು, ವಾಕರ್ ಕಡೆ ನೋಡಿ ವಿಷಯವೇನೆಂದು ಕೇಳಿದರು. ಮಾವ ಗೆಳತಿಯ ಮನೆಯನ್ನು ತೋರಿಸಿದರು. ಆತ ಬೀದಿಯನ್ನು ಒಮ್ಮೆ ಅಳೆದಂತೆ ನೋಡಿದರು. "ಫುಟ್‌ಪಾತ್ ಆಗ್ಲಿ ಅಂತ ಅಮ್ಮೋರನ್ನ ಕೂರಿಸ್ಬೇಡಿ ಸಾರ್. ದಿನಾ ನಾನು ಈ ಕಡೆಯಿಂದಾನೇ ಮಂಡಿಗೆ ಹೋಗೋದು. ಬೆಳಿಗ್ಗೆ ಆರೂವರೆಗೆ ರಸ್ತೇಲಿ ಒಂದು ಗಾಡಿ ಇರಲ್ಲ. ಟಾರು ಸಮ ಇದೆ. ರಸ್ತೇಲೇ ನಡೆಸ್ಕೊಂಡು ಹೋಗಿ. ನೀವು ಜೊತೇಲಿದ್ರೆ ಆಯ್ತು."

ಮಾವ ಪೆನ್ನಿಗೆ ಮುಚ್ಚಳ ಹಾಕಿದರು. ಅಕ್ಷತೆ ತರಲು ಹೇಳಿದರು. ಆತ ಬಗ್ಗಿದರು, ಮಾವ ಹರಸಿದರು. ಆಮೇಲೆ ಹೆಮ್ಮೆಯಿಂದ ಕೇಳಿದರು. "ನಿಮ್ಮ ಗುರುತು ಯಾವುದು? ನಮ್ಮನೆ ನಾಲ್ಕು ವೋಟೂ ನಿಮಗೇ."

ಜೊತೆಗಿದ್ದ ಕಾರ್ಯಕರ್ತ ಮೊಬೈಲಿನಲ್ಲಿ ನಕ್ಷೆ ನೋಡುತ್ತಿದ್ದವನು ತಲೆ ಕೆರೆದುಕೊಂಡ. "ಅಣ್ಣ, ಎದುರು ಸಾಲು ಮಾತ್ರ ನಮ್ಮ ವಾರ್ಡು. ಈ ಸಾಲು ಬೇರೆ. ಹೊಸ ಗಡಿ ರಸ್ತೆ ಮಧ್ಯದಲ್ಲೇ ಹೋಗತ್ತೆ."

ವಾರ್ಡುಗಳ ಗಡಿ ಬದಲಾಗಿತ್ತು. ಮತದಾರರ ಪಟ್ಟಿಯ ಚೀಟಿ ತಿಂಗಳ ಹಿಂದೆಯೇ ಮನೆಗೆ ಬಂದು ಕ್ಯಾಲೆಂಡರಿನ ಮೊಳೆಗೆ ನೇತಾಡುತ್ತಿತ್ತು. ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರಿಸಬೇಡಿ ಎಂದು ಮೂವತ್ತಾರು ವರ್ಷ ಬೋರ್ಡಿನ ಮೇಲೆ ಬರೆದ ಮಾವ ಅದನ್ನು ಓದಿರಲಿಲ್ಲ. ಈ ಜನ್ಮದಲ್ಲಿ ಪಾಸು ಮಾಡಿದ್ದು ಒಬ್ಬನನ್ನು, ಆ ಒಬ್ಬ ಬೇರೆ ಸೆಂಟರಿನ ವಿದ್ಯಾರ್ಥಿ. ಸೊಪ್ಪಿನ ಮಂಡಿಯವರು ಕೈಮುಗಿದು, "ಪರವಾಗಿಲ್ಲ ಸಾರ್, ಮಜ್ಜಿಗೆ ಚೆನ್ನಾಗಿತ್ತು" ಎಂದು ರಸ್ತೆ ದಾಟಿದರು.

ಮಾವನನ್ನು ಛೇಡಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಮತ್ತೆ ಸಿಗುವುದೇ? ಸಂಜೆ ಕಾಫಿ ಹಿಡಿದು ಜಗಲಿಗೆ ಹೋದೆ. ಅವರು ಪೆನ್ನಿನ ಮುಚ್ಚಳ ಕೂಡ ತೆಗೆಯದೆ ಕೂತಿದ್ದರು. ನಾನು ತಮಾಷೆಯನ್ನು ನುಂಗಿಕೊಂಡು ಕೇಳಿದೆ. "ಮಾವ, ಆತ ಹೇಳಿದ್ದು ಸರಿ ತಾನೇ? ಬೆಳಿಗ್ಗೆ ನೀವೇ ಕರ್ಕೊಂಡು ಹೋಗ್ಬಹುದಲ್ಲ?"

"ನಾನು ಜೊತೇಲಿದ್ರೆ ಆಯ್ತು ಅಂದ್ರು."

"ಹೂಂ."

"ಅವತ್ತೂ ನಾನು ಜೊತೇಲೇ ಇದ್ದೆ ಪುಟ್ಟಿ."

ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಒಬ್ಬರೇ ಹೋಗುವಾಗ ಬಿದ್ದರು ಎಂದೇ ಎರಡು ವರ್ಷ ನಂಬಿದ್ದೆವು. ಹಾಗೆ ಹೇಳಿದವರು ಅತ್ತೆಯೇ.

"ದೇವಸ್ಥಾನಕ್ಕೆ ಹೊರಟಿದ್ವಿ. ನಾನು ಯಾವಾಗ್ಲೂ ಹತ್ತು ಹೆಜ್ಜೆ ಮುಂದೆ. ಮದುವೆಯಾದಾಗಿನಿಂದ ಹಾಗೇ ನಡೆದಿದೀನಿ. ಅವಳು ಹಿಂದೆ ಬರ್ತಾಳೆ ಅಂತ ಇರತ್ತಲ್ಲ. ದೇವಸ್ಥಾನ ತಲುಪಿ ಚಪ್ಪಲಿ ಬಿಡೋವಾಗ ತಿರುಗಿ ನೋಡಿದೆ. ಇರ್ಲಿಲ್ಲ. ಅಷ್ಟು ಹೊತ್ತು ಕಾಲು ಮೋರೀಲಿಟ್ಕೊಂಡು ಬಿದ್ದಿದ್ಲು. ನಾಲ್ಕು ಸಲ ಕೂಗಿದ್ಲಂತೆ. ನಂಗೆ ಕೇಳಿಸ್ಲಿಲ್ಲ." ಪೆನ್ನನ್ನು ಪಕ್ಕಕ್ಕಿಟ್ಟು ಹೇಳಿದರು. "ಕಲ್ಲು ಸರಿ ಇದ್ದಿದ್ರೆ ಬೀಳ್ತಿರ್ಲಿಲ್ಲ, ನಿಜ. ಬಿದ್ದೋಳನ್ನ ನೋಡ್ಲಿಲ್ವಲ್ಲ, ಅದು ಯಾವ ಕಾರ್ಪೊರೇಷನ್ ತಪ್ಪು?"

ಬಂದವರನ್ನೆಲ್ಲ ಗೋಳುಹೊಯ್ದುಕೊಳ್ಳುವ ಹುಚ್ಚು ಮುದುಕನೆಂದು ಇಡೀ ಬೀದಿ ನಕ್ಕಿದೆ, ನಾನು ಎಲ್ಲರಿಗಿಂತ ಹೆಚ್ಚು ನಕ್ಕಿದ್ದೇನೆ. ಆ ಮನುಷ್ಯ ಎರಡು ವರ್ಷದಿಂದ ಒಳಗೊಳಗೇ ಬೇಯುತ್ತಿದ್ದರು. ಕಾಫಿ ಆರಿತು. ಒಳಗೆ ಅತ್ತೆ ರೇಡಿಯೋದ ಸದ್ದು ಕಡಿಮೆ ಮಾಡಿದರು. ಅವರಿಗೆ ಎಲ್ಲ ಕೇಳಿಸಿರಬೇಕು.

ಮಾರನೇ ಬೆಳಿಗ್ಗೆ ಆರೂವರೆಗೆ ಕೆಳಗೆ ಗೇಟಿನ ಸದ್ದಾಯಿತು. ಮಹಡಿಯಿಂದ ಬಗ್ಗಿ ನೋಡಿದೆ. ಅತ್ತೆ ರೇಷ್ಮೆ ಅಂಚಿನ ಸೀರೆಯುಟ್ಟು, ಹತ್ತಿಯ ಪೊಟ್ಟಣವನ್ನು ವಾಕರಿಗೆ ಕಟ್ಟಿಕೊಂಡು, ಗೇಟಿನ ಹೊರಗೆ ನಿಂತಿದ್ದರು. ರಸ್ತೆ ನಿಜವಾಗಿಯೂ ಖಾಲಿಯಿತ್ತು. ಮಾವ ಅವರ ಹಿಂದಿದ್ದರು.

"ಮುಂದೆ ಹೋಗಿ, ಅಭ್ಯಾಸವಿಲ್ಲದೆ ಯಾಕೆ ಹಿಂದೆ ನಿಲ್ತೀರಿ" ಎಂದರು ಅತ್ತೆ.

"ನೀನು ನಡಿ. ನಾನು ಹಿಂದೇನೇ ಇರ್ತೀನಿ."

ಅತ್ತೆ ನಡೆದರು. ವಾಕರ್ ಎತ್ತಿಡುವುದು, ಒಂದು ಹೆಜ್ಜೆ, ಮತ್ತೆ ವಾಕರ್. ಮೂರು ಮನೆ ದಾಟಲು ಎಷ್ಟು ಹೊತ್ತಾಯಿತೋ. ಎಂದೂ ಕಾಯದ ಮಾವ ಪ್ರತಿ ಹೆಜ್ಜೆಗೂ ನಿಂತು ನಿಂತು ಹೊರಟರು. ಚಪ್ಪಡಿ ಓಲಾಡುವ ಆ ಜಾಗದ ಪಕ್ಕದಲ್ಲಿ ಅತ್ತೆ ನಿಂತರು. ಒಮ್ಮೆ ತಿರುಗಿ ನೋಡಿದರು.

ಮಾವ ಅಲ್ಲೇ ಇದ್ದರು.