ಕಡೂರಿಗೆ ಹೊರಟ ಕೌದಿ

ಕೌದಿಯನ್ನು ಊರಿಂದೂರಿಗೆ ಸಾಗಿಸುವುದೂ ಒಂದು ಕಲೆ, ಮತ್ತು ಆ ಕಲೆ ನನಗೆ ಪೂರ್ತಿ ಕರಗತವಾಗಿದೆ ಎಂದು ಮೊನ್ನೆ ಮೊನ್ನೆಯವರೆಗೂ ನಾನು ನಂಬಿದ್ದೆ.

ಅಜ್ಜಂಪುರದ ಶಾಲೆಯೊಂದರಲ್ಲಿ ಮಕ್ಕಳಿಗೆ ಹೊಲಿಗೆ ಕಲಿಸಿ ನಿವೃತ್ತಳಾದವಳು ನಾನು. ಈಗ ಹಳೆ ಬಟ್ಟೆಯ ತುಂಡುಗಳನ್ನು ಜೋಡಿಸಿ ದೊಡ್ಡ ದೊಡ್ಡ ಕೌದಿಗಳನ್ನು ಹೊಲಿದು ಪ್ರದರ್ಶನಗಳಲ್ಲಿ ನೇತುಹಾಕುತ್ತೇನೆ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ತೀರಿಕೊಂಡಿದ್ದಾರೆ.

"ಇಷ್ಟು ದೊಡ್ಡದು ಹೊಲೀತೀರಲ್ಲ, ಹೊದ್ಕೊಳಲ್ವಾ?" ಎಂದು ಪಕ್ಕದ ಮನೆಯ ಸಾವಿತ್ರಮ್ಮ ಒಮ್ಮೆ ಕೇಳಿದ್ದರು.

"ಇದು ಹೊದೆಯೋಕಲ್ಲ, ನೋಡೋಕೆ" ಎಂದೆ.

"ಯಾರು ನೋಡೋಕೆ?"

ಅಲ್ಲಿಗೆ ಆ ಚರ್ಚೆ ಮುಕ್ತಾಯಗೊಂಡಿತು.

ಅವರ ಪ್ರಶ್ನೆಯಲ್ಲಿ ಹುರುಳಿತ್ತು. ತರೀಕೆರೆಯಲ್ಲಿ ನಡೆದ ನನ್ನ ಹಿಂದಿನ ಪ್ರದರ್ಶನಕ್ಕೆ ಇಬ್ಬರು ಬಂದಿದ್ದರು. ಒಬ್ಬರು ಫ್ಯೂಸ್ ಹಾಕಲು ಬಂದವರು. ಇನ್ನೊಬ್ಬರು ಪಕ್ಕದ ಛತ್ರದ ಮದುವೆ ಊಟಕ್ಕೆ ದಾರಿ ತಪ್ಪಿ ಬಂದವರು. ಅವರು ನನ್ನ ಕೌದಿಯ ಮುಂದೆ ಸ್ವಲ್ಪ ಹೊತ್ತು ನಿಂತು, "ಕೈ ತೊಳೆಯೋದೆಲ್ಲಿ?" ಎಂದು ಕೇಳಿದರು.

ಇಂಥ ನನಗೆ ಕಡೂರಿನಿಂದ ಆಹ್ವಾನ ಬಂತು. ಮಹಿಳೆಯರ ಕರಕುಶಲ ಪ್ರದರ್ಶನ, ಮುಖ್ಯ ಅತಿಥಿಗಳು, ದೀಪ ಬೆಳಗಿಸುವಿಕೆ, ಎಲ್ಲವೂ ಉಂಟು! ನಾನು ವರ್ಷವಿಡೀ ಹೊಲಿದ 'ಏಕಾಂತದ ಬಾಗಿಲುಗಳು' ಎಂಬ ಮಹಾಕೃತಿಯನ್ನು ಅಲ್ಲಿಗೆ ಒಯ್ಯುವುದೆಂದು ತೀರ್ಮಾನಿಸಿದೆ.

ಒಯ್ಯುವ ವಿಧಾನವೂ ನನಗೆ ಗೊತ್ತಿತ್ತು. ಪ್ರದರ್ಶನಗಳಿಗೆ ಒಬ್ಬಳೇ ಹೋಗಿ, ಒಬ್ಬಳೇ ನೋಡಿ, ಒಬ್ಬಳೇ 'ಆಹಾ' ಎಂದು ಬಸ್ಸು ಹತ್ತಿ ಬರುವುದು ನನ್ನ ಅಭ್ಯಾಸ. ಹಾಗೆ ಮೈಸೂರಿಗೆ ಹೋಗಿದ್ದಾಗ, ಬಿಳಿ ಕೈಗವಸು ತೊಟ್ಟ ಹೆಂಗಸೊಬ್ಬರು ತಿಳಿಸಿಕೊಟ್ಟಿದ್ದರು: ಒಳ್ಳೆಯ ಕೌದಿಯನ್ನು ಎಂದಿಗೂ ಮಡಿಸಬಾರದು, ಗೆರೆ ಬೀಳುತ್ತದೆ. ಉದ್ದನೆಯ ಪೈಪಿಗೆ ಸುತ್ತಬೇಕು. ಮೇಲೆ ಬಿಳಿಯ ಬಟ್ಟೆ ಹೊದಿಸಬೇಕು. ಮೂರು ಕಡೆ ದಾರ ಕಟ್ಟಬೇಕು.

ಪೈಪು ತಂದೆ. ಬಟ್ಟೆಯಂಗಡಿಗೆ ಹೋದೆ.

"ಆರು ಮೀಟರ್ ಬಿಳಿ ಬಟ್ಟೆ ಕೊಡಿ. ಹೊಸದು."

ಅಂಗಡಿಯವರು ಧ್ವನಿ ತಗ್ಗಿಸಿದರು. "ಯಾವಾಗ ಆಯ್ತು ಟೀಚರಮ್ಮ?"

"ನಿನ್ನೆ ಸಂಜೆ ಮುಗೀತು."

"ಬಾಳ ದಿನದಿಂದ ಇತ್ತಾ?"

"ಒಂದು ವರ್ಷದಿಂದ. ನನ್ನ ಸೊಂಟ ಬಿದ್ದುಹೋಗಿತ್ತು. ಈಗ ನಿರಾಳ ನೋಡಿ!"

ಅವರು ನನ್ನನ್ನು ವಿಚಿತ್ರವಾಗಿ ನೋಡಿ, ಕತ್ತರಿ ಮುಟ್ಟದೆ ಕೈಯಲ್ಲೇ ಬಟ್ಟೆ ಹರಿದು ಕೊಟ್ಟರು. ಕೇಳದೆಯೇ ಬೆಲೆಯನ್ನೂ ತಗ್ಗಿಸಿದರು. ಕಲೆಗೆ ಗೌರವ ಕೊಡುವ ಜನ ಇನ್ನೂ ಇದ್ದಾರೆ ಎಂದು ನನ್ನ ಕಣ್ಣು ತೇವವಾಯಿತು.

ಲಗೇಜ್ ಆಟೊದ ಮಂಜನಿಗೆ ಫೋನ್ ಮಾಡಿದೆ. ಪಕ್ಕದ ಹಳ್ಳಿಯವನು, ನನಗೆ ಹೊಸಬ. "ನೋಡಪ್ಪಾ, ಕಡೂರಿಗೆ ಒಂದು ಉದ್ದದ್ದನ್ನ ಸಾಗಿಸಬೇಕು. ಮಡಚೋ ಹಾಗಿಲ್ಲ, ಮಲಗಿಸೇ ತಗೊಂಡು ಹೋಗಬೇಕು" ಎಂದೆ.

ಆ ಕಡೆ ಹಾಡುತ್ತಿದ್ದ ರೇಡಿಯೊ ನಿಂತಿತು. ಆಮೇಲೆ, "ಆಯ್ತು ಕಣಮ್ಮ. ಹೊತ್ತು ಮೂಡೋ ಮುಂಚೆ ಬತ್ತೀನಿ" ಎಂದ.

ಹೇಳಿದಂತೆ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಹಜಾರದಲ್ಲಿ ಮಲಗಿದ್ದ ನನ್ನ ಕೌದಿಯನ್ನು ಕಂಡು ಕೈ ಮುಗಿದ! ಹುಳು ಹತ್ತದಿರಲೆಂದು ನಾನು ಮೇಲೆ ಬೇವಿನ ಸೊಪ್ಪು ಸಿಕ್ಕಿಸಿದ್ದೆ. ಅವನು ಜೇಬಿನಿಂದ ಊದುಬತ್ತಿ ತೆಗೆದು ಹಚ್ಚಿದ. ಎಷ್ಟು ಸಂಸ್ಕಾರವಂತ! ನಾನು ಹಿತ್ತಿಲ ಬಾಗಿಲಿಗೆ ಬೀಗ ಹಾಕಿ ಬರುವಷ್ಟರಲ್ಲಿ, ಬೀದಿಯಲ್ಲಿ ಹೋಗುತ್ತಿದ್ದ ಹಾಲಿನವನನ್ನು ಕೈಗೂಡಿಸಲು ಕರೆದು ಗಾಡಿಗೆ ಏರಿಸಿಯೂ ಆಗಿತ್ತು; ಹಾಲಿನವನು ಆಗಲೇ ಹೊರಟುಹೋಗಿದ್ದ.

"ತೂಕಾನೇ ಇಲ್ವಲ್ಲ, ಪಾಪ" ಎಂದ ಮಂಜ.

"ಹಗುರ ಇದ್ರೇನೇ ಚೆಂದ" ಎಂದೆ ನಾನು.

ಕೌದಿ ಉರುಳದಂತೆ ಹಿಡಿದುಕೊಳ್ಳಲು ನಾನೂ ಹಿಂದೆಯೇ ಹತ್ತಿ ಕೂತೆ. ಕಲಾವಿದೆಗೆ ತಕ್ಕಂತೆ ಬಿಳಿ ಖಾದಿ ಸೀರೆ ಉಟ್ಟಿದ್ದೆ. ಯಾರಾದರೂ "ಹೋಗಿ ಬನ್ನಿ" ಎನ್ನಬಹುದು ಎಂದು ಆ ಮಬ್ಬುಗತ್ತಲಲ್ಲೇ ಬೀದಿಯ ಉದ್ದಕ್ಕೂ ನೋಡಿದೆ. ಗಾಡಿ ಹೊರಡುತ್ತಿದ್ದಂತೆ ಬಾಗಿಲುಗಳು ಪಟಪಟನೆ ಮುಚ್ಚಿಕೊಂಡವು. ಸಾವಿತ್ರಮ್ಮನ ಕಿಟಕಿ ಕೂಡ! ಒಬ್ಬ ಕಲಾವಿದೆಯನ್ನು ಊರು ಬೀಳ್ಕೊಡುವ ಪರಿ ಇದು ಎಂದು ಮನಸ್ಸು ಮುದುಡಿತು.

ಕೌದಿ ನೇತುಹಾಕುವ ಸ್ಟ್ಯಾಂಡನ್ನು ತರೀಕೆರೆಯ ವೆಲ್ಡಿಂಗ್ ಅಂಗಡಿಯಿಂದ ತೆಗೆದುಕೊಳ್ಳಬೇಕಿತ್ತು. ಅದನ್ನು ಏರಿಸಿಕೊಂಡು ಪಕ್ಕದ ಹೋಟೆಲಿನಲ್ಲಿ ಟೀ ಕುಡಿದೆ. ದುಡ್ಡು ಕೊಡಲು ಹೋದರೆ ಹೋಟೆಲಿನವರು ಕೈ ಅಡ್ಡ ಹಿಡಿದರು.

"ಇರ್ಲಿ ಬುಡಿ ಅಮ್ಮ. ಇಂಥ ಹೊತ್ನಲ್ಲಿ ದುಡ್ಡೇನು?"

ನನ್ನ ಪ್ರದರ್ಶನದ ಸುದ್ದಿ ತರೀಕೆರೆಯ ತನಕ ಹಬ್ಬಿದೆಯಲ್ಲ! ರಸ್ತೆಯಲ್ಲಿ ಬೈಕಿನವರು ವೇಗ ಇಳಿಸಿ ದಾರಿ ಬಿಟ್ಟರು. ಒಬ್ಬರು ತಲೆಯ ಮೇಲಿನ ಟವೆಲ್ ತೆಗೆದರು. ನಾನು ಮುಗುಳ್ನಕ್ಕು ಕೈಬೀಸಿದೆ. ಅವರು ಗಾಬರಿಯಾದರು.

ಬೀರೂರಿಗೆ ಮುಂಚೆ ರೈಲ್ವೆ ಗೇಟು ಹಾಕಿತ್ತು. ನಮ್ಮ ಪಕ್ಕದಲ್ಲಿ ನಿಂತ ಬಸ್ಸಿನ ಕಿಟಕಿಯಿಂದ ಒಬ್ಬ ವಯಸ್ಸಾದ ಹೆಂಗಸು ನನ್ನನ್ನೇ ನೋಡುತ್ತಿದ್ದರು. ನೋಡಿ ನೋಡಿ, ಚೀಲ ಹಿಡಿದು ಬಸ್ಸಿನಿಂದ ಇಳಿದೇ ಬಂದರು.

"ಯಾರವ್ವಾ?" ಎಂದು ಬಿಳಿ ಗಂಟಿನ ಕಡೆ ಗಲ್ಲ ಎತ್ತಿ ಕೇಳಿದರು.

ನನಗೆ ಪ್ರಶ್ನೆ ಅರ್ಥವಾಗಲಿಲ್ಲ. ಗಂಟಿನಲ್ಲಿ ಯಾರಿರುತ್ತಾರೆ? "ಯಾರೂ ಇಲ್ಲಮ್ಮ" ಎಂದೆ.

"ಅಯ್ಯೋ ಶಿವ್ನೇ! ಯಾರೂ ಇಲ್ವಾ ನಿಂಗೆ?"

ಇದು ಬೇರೆಯದೇ ಪ್ರಶ್ನೆ. ದುರದೃಷ್ಟವಶಾತ್ ಇದಕ್ಕೂ ಉತ್ತರ ಅದೇ ಆಗಿತ್ತು. "ಇಲ್ಲ" ಎಂದೆ.

"ಸರ್ಕೊ ಅತ್ಲಾಗೆ. ನಾನೂ ಕಡೂರ್ಗೇ, ಮಗಳ ಮನೇಗೆ ಹೊಂಟಿದ್ದೆ. ಹೆಣದ ಜೊತೆ ಹೆಂಗ್ಸು ಒಬ್ಳೇ ಹೋಗ್ಬಾರ್ದು ಕಣವ್ವ."

ಹೆಣ!

ಅಂಗಡಿಯವರ ತಗ್ಗಿದ ದನಿ, ಮಂಜನ ಊದುಬತ್ತಿ, ಬಿಟ್ಟಿ ಟೀ, ಮುಚ್ಚಿದ ಕಿಟಕಿಗಳು, ಎಲ್ಲವೂ ಒಂದೇ ಏಟಿಗೆ ತಲೆಗೆ ಬಡಿದವು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಹತ್ತಿ ಕೂತು, ನನ್ನ ಬೆನ್ನ ಮೇಲೆ ಕೈಯಿಟ್ಟರು.

ನನ್ನ ಬೆನ್ನ ಮೇಲೆ ಇನ್ನೊಬ್ಬರ ಕೈ ಬಿದ್ದು ಎಷ್ಟು ಕಾಲವಾಗಿತ್ತೋ. ಗೇಟು ತೆರೆದ ಮೇಲೆ ಹೇಳೋಣ ಎಂದುಕೊಂಡೆ. ಗೇಟು ತೆರೆಯಿತು. ಬೀರೂರು ಬಂದ ಮೇಲೆ ಹೇಳೋಣ ಎಂದುಕೊಂಡೆ. ಬೀರೂರು ಬಂತು, ಹೋಯಿತು. ಅವರ ಹೆಸರು ಹಾಲಮ್ಮ, ಲಿಂಗದಹಳ್ಳಿಯ ಕಡೆಯವರು. ನನ್ನ ಕೈಗೆ ಬಾಳೆಹಣ್ಣು ಕೊಟ್ಟರು. "ತಿನ್ನು, ಮುಂದೈತೆ ಕೆಲ್ಸ" ಎಂದರು. ತಿಂದೆ.

"ಒಳ್ಗೊಳ್ಗೇ ಇಟ್ಕಬ್ಯಾಡ ಕಣವ್ವ. ಅತ್ಬುಡು."

ಅತ್ತೆ! ನಿಜವಾಗಿಯೂ ಅತ್ತೆ, ಬಿಕ್ಕಿ ಬಿಕ್ಕಿ ಅತ್ತೆ. ಯಾರಿಗಾಗಿ ಅತ್ತೆನೆಂದು ಈಗಲೂ ಗೊತ್ತಿಲ್ಲ. ಕೌದಿಯಂತೂ ಸತ್ತಿರಲಿಲ್ಲ. ನನ್ನನ್ನು ನೋಡಿ ಹಾಲಮ್ಮನೂ ಅತ್ತರು. ಹಿಂದೆ ಬರುತ್ತಿದ್ದ ಎರಡು ಬೈಕಿನವರು ಇದನ್ನು ಕಂಡು ಕರಗಿ, ಮುಂದಕ್ಕೆ ಹೋಗಿ ನಮಗೆ ದಾರಿ ಬಿಡಿಸುತ್ತ ಸಾಗಿದರು. ಹೀಗೆ ನನ್ನ ಮಹಾಕೃತಿಯು ಸಕಲ ಮರ್ಯಾದೆಗಳೊಂದಿಗೆ ಕಡೂರು ಪುರಪ್ರವೇಶ ಮಾಡಿತು.

ಪ್ರದರ್ಶನದ ಹಾಲಿನ ಬಾಗಿಲಲ್ಲಿ ತೋರಣ, ರಂಗೋಲಿ. ಸಂಘಟಕಿ ವಸುಧಾ ಹೂವಿನ ತಟ್ಟೆ ಹಿಡಿದು ಮುಖ್ಯ ಅತಿಥಿಗಳನ್ನು ಎದುರುಗೊಳ್ಳುತ್ತಿದ್ದರು. ನಮ್ಮ ಮೆರವಣಿಗೆ ಸೀದಾ ಅವರ ರಂಗೋಲಿಯ ಮೇಲೆ ಬಂದು ನಿಂತಿತು.

"ಏ ಏ ಏ! ಮುಂದಕ್ಕೆ ಹೋಗ್ರಪ್ಪಾ! ಸ್ಮಶಾನ ಆ ಕಡೆ!"

ನಾನು ಗಾಡಿಯಿಂದ ಇಳಿದೆ. ಅತ್ತು ಮುಖ ಊದಿತ್ತು. "ವಸುಧಾ ಅವರೇ, ಇದು ಇಲ್ಲಿಗೇ ಬಂದಿರೋದು."

"ಇಲ್ಲಿಗಾ?" ಅವರು ತಟ್ಟೆಯನ್ನು ಎದೆಗವಚಿಕೊಂಡು ಹಿಂದೆ ಸರಿದರು. ಮುಖ್ಯ ಅತಿಥಿಗಳು ಸದ್ದಿಲ್ಲದೆ ವಾಪಸ್ ಕಾರು ಹತ್ತಿದರು.

"ಇದು ಹೆಣ ಅಲ್ಲ! ಕೌದಿ!" ಎಂದು ಕೂಗಿದೆ.

ಯಾರೂ ನಂಬಲಿಲ್ಲ. ದುಃಖದಲ್ಲಿ ಬುದ್ಧಿ ಕೆಟ್ಟಿದೆ ಎಂದು ಬೈಕಿನವರು ಪರಸ್ಪರ ಹೇಳಿಕೊಂಡರು. ಬೇರೆ ದಾರಿ ಕಾಣದೆ ನಾನು ದಾರಗಳನ್ನು ಬಿಚ್ಚಿ ಗಂಟನ್ನು ಎಳೆದೆ. ಅದು ಗಾಡಿಯಿಂದ ಜಾರಿ, ತಾನಾಗಿಯೇ ಉರುಳತೊಡಗಿತು! ಮಂಜ ಚೀರಿಕೊಂಡು ಕಾಂಪೌಂಡ್ ಹತ್ತಿದ. ಬಿಳಿ ಬಟ್ಟೆ ಒಂದು ಕಡೆ, ಪೈಪು ಇನ್ನೊಂದು ಕಡೆ. ಕೆಂಪು, ಹಳದಿ, ನೀಲಿ ಬಾಗಿಲುಗಳ ನನ್ನ ಕೌದಿ ರಂಗೋಲಿಯನ್ನೆಲ್ಲ ಒರೆಸಿಕೊಂಡು ಅಂಗಳದ ತುಂಬ ಹಾಸಿಕೊಂಡಿತು.

ಮಂಜ ಕಾಂಪೌಂಡಿನ ಮೇಲಿಂದಲೇ ಇಣುಕಿ ನೋಡಿದ.

ಹಾಲಮ್ಮ ಕೌದಿಯನ್ನು ನೋಡಿದರು, ನನ್ನನ್ನು ನೋಡಿದರು. ನನ್ನ ಭುಜಕ್ಕೆ ಒಂದು ಏಟು ಬಿತ್ತು.

"ಕೌದಿಗೆ ಅಳ್ಸಿದ್ಯಲ್ಲೇ ನನ್ನ! ಗಂಡ ಸತ್ತಾಗ್ಲೂ ನಾನು ಇಷ್ಟು ಅತ್ತಿರ್ಲಿಲ್ಲ ಕಣೇ!"

"ತಪ್ಪಾಯ್ತಮ್ಮ" ಎಂದೆ. ಆಮೇಲೆ, ಕಲಾವಿದೆಯ ಕರ್ತವ್ಯವೆಂದು, ಈ ಬಾಗಿಲುಗಳು ಮನುಷ್ಯನ ಅಂತರಂಗವನ್ನು ಹೇಗೆ ಸೂಚಿಸುತ್ತವೆ ಎಂದು ವಿವರಿಸಲು ಹೊರಟೆ. ಅವರು ಬಗ್ಗಿ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಅದೆಲ್ಲ ಇರ್ಲಿ. ಒಗೆದ್ರೆ ಬಣ್ಣ ಬುಡ್ತದಾ?"

ಮುಖ್ಯ ಅತಿಥಿಗಳನ್ನು ಕಾರಿನಿಂದ ಇಳಿಸಲು ಬಹಳ ಹೊತ್ತು ಹಿಡಿಯಿತು. ಅಪಶಕುನವೆಂದು ನನ್ನ ಕೌದಿಯನ್ನು ಹಿಂದಿನ ಮೂಲೆಯಲ್ಲಿ, ನೀರಿನ ಕ್ಯಾನಿನ ಪಕ್ಕ ನೇತುಹಾಕಿದರು. ಅತಿಥಿಗಳು ದೂರದಲ್ಲೇ ನಿಂತು, ಗಂಟಲು ಸರಿಮಾಡಿಕೊಂಡು, "ತುಂಬಾ... ಜೀವಂತವಾಗಿದೆ" ಎಂದು ಅಭಿಪ್ರಾಯಪಟ್ಟರು.

ಹಾಲಮ್ಮ ಮಗಳ ಮನೆಗೆ ಹೋಗದೆ ಅಲ್ಲೇ ಉಳಿದರು. ಕೌದಿಯ ಕೆಳಗೆ ಕುರ್ಚಿ ಹಾಕಿಕೊಂಡು, ನೀರು ಕುಡಿಯಲು ಬಂದವರಿಗೆಲ್ಲ ನಡೆದದ್ದನ್ನು ಹೇಳುತ್ತಿದ್ದರು. ಅವರ ಕಥೆಯಲ್ಲಿ ಪ್ರತಿ ಸಲವೂ ನಾನು ಸ್ವಲ್ಪ ಹೆಚ್ಚು ಜೋರಾಗಿ ಅಳುತ್ತಿದ್ದೆ. ಜನ ನಕ್ಕರು. ನಕ್ಕು ತಲೆ ಎತ್ತಿ ಕೌದಿಯನ್ನೂ ನೋಡಿದರು. ನನ್ನ ಜೀವಮಾನದಲ್ಲೇ ಅಷ್ಟು ಜನ ನನ್ನ ಕೆಲಸ ನೋಡಿರಲಿಲ್ಲ.

ಪ್ರದರ್ಶನ ಮುಗಿದು, ಕೌದಿಯನ್ನು ಮತ್ತೆ ಸುತ್ತಲು ಪೈಪು ತಂದಾಗ ಮಂಜ ಅಡ್ಡ ಬಂದ.

"ಸುತ್ತಬ್ಯಾಡಿ ಟೀಚರಮ್ಮ, ಕೈ ಮುಗೀತೀನಿ. ಹೋದ ಹೆಣ ವಾಪಸ್ ಬಂತು ಅಂದ್ರೆ ನನ್ ಗಾಡಿಗೆ ಇನ್ಮೇಲೆ ಯಾರು ಬಾಡಿಗೆ ಕೊಡ್ತಾರೆ?"

ಮಡಿಸಲೇಬೇಕಾಯಿತು. ಅಷ್ಟು ದೊಡ್ಡ ಕೌದಿಯನ್ನು ಒಬ್ಬರೇ ಮಡಿಸಲಾಗದು. ಹಾಲಮ್ಮ ಆ ತುದಿ ಹಿಡಿದರು, ನಾನು ಈ ತುದಿ. ಕೊಡವಿದೆವು. ನಾನು ಅವರ ಕಡೆ ನಡೆದೆ, ಅವರು ನನ್ನ ಕಡೆ ನಡೆದರು. ನಡುವೆ ಕೈಗೆ ಕೈ ತಾಗಿತು. ಮತ್ತೆ ಹಿಂದೆ ಸರಿದೆವು, ಮತ್ತೆ ಹತ್ತಿರ ಬಂದೆವು. ಕೌದಿ ಇನ್ನೂ ದೊಡ್ಡದಿರಬಾರದಿತ್ತೇ ಎನಿಸಿತು.

"ಸತ್ತೋರು ಯಾರೂ ಇಲ್ಲ ಅಂದ್ಮೇಲೆ ನಾನಿನ್ನು ಹೊಂಡ್ತೀನಿ ಕಣವ್ವ" ಎಂದು ಹಾಲಮ್ಮ ಚೀಲ ಎತ್ತಿಕೊಂಡು ಮಗಳ ಮನೆಯ ದಾರಿ ಹಿಡಿದರು.

ಅಜ್ಜಂಪುರ ತಲುಪುವ ಹೊತ್ತಿಗೆ ಬೀದಿ ದೀಪ ಹತ್ತಿತ್ತು. ನನ್ನ ಮನೆಯ ಮುಂದೆ ಜನ! ಮನೆ ಓನರ್ ರಾಜಶೇಖರಪ್ಪನವರು ಗೇಟಿನೊಳಗೆ ನಿಂತು ಒಬ್ಬ ಯುವಕನಿಗೂ ಅವನ ಹೆಂಡತಿಗೂ ಹೇಳುತ್ತಿದ್ದರು:

"ನೀರಿಗೇನೂ ತೊಂದ್ರೆ ಇಲ್ಲ. ಇದ್ದೋರು ಒಬ್ರೇ, ಪಾಪ. ಗೋಡೆಗೆ ಮೊಳೆ ಮಾತ್ರ ಜಾಸ್ತಿ ಹೊಡ್ದವ್ರೆ."

ಸಾವಿತ್ರಮ್ಮ ನನ್ನನ್ನು ಕಂಡು ಕಿರುಚಿದರು. ಹತ್ತಿರ ಬಂದು ನನ್ನ ತೋಳು ಹಿಸುಕಿ ನೋಡಿದರು. "ನೀವು... ಇದೀರಾ?"

"ಇದೀನಿ" ಎಂದೆ, ಕ್ಷಮೆ ಕೇಳುವ ದನಿಯಲ್ಲಿ.

ಬೆಳಿಗ್ಗೆ ಕೌದಿ ಎತ್ತಲು ಕೈಗೂಡಿಸಿದ ಹಾಲಿನವನು ಟೀಚರಮ್ಮನ ಮನೆಯಿಂದ ಹೆಣ ಹೋಯಿತು ಎಂದು ಮನೆಮನೆಗೂ ಹೇಳಿದ್ದನಂತೆ. ಆ ಮನೆಯಲ್ಲಿರುವುದು ಒಬ್ಬಳೇ. ಆದ್ದರಿಂದ ಹೋದದ್ದು ಯಾರು ಎಂಬ ಬಗ್ಗೆ ಯಾರಿಗೂ ಸಂಶಯ ಬರಲಿಲ್ಲ.

"ನಂಗೊಂದು ಫೋನ್ ಮಾಡಬಾರ್ದಿತ್ತಾ?" ಎಂದೆ.

"ಸತ್ತೋರಿಗೆ ಯಾರಾದ್ರೂ ಫೋನ್ ಮಾಡ್ತಾರೇನ್ರೀ?" ಎಂದು ಸಾವಿತ್ರಮ್ಮ ರೇಗಿದರು. ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು, "ಯಾರಿಗೆ ಹೇಳಿ ಕಳ್ಸೋದು ಅಂತ ಬೆಳಗಿಂದ ಯೋಚ್ನೆ ಮಾಡ್ತಾನೇ ಇದೀವಿ ಕಣ್ರೀ. ಒಬ್ರೂ ಹೊಳೀಲಿಲ್ಲ" ಎಂದರು.

ಮೊದಲು ನಾನೇ ನಕ್ಕೆ. ಹಾಗೆ ನಗದಿದ್ದರೆ ಕಷ್ಟವಿತ್ತು.

ಬಂದವರನ್ನು ಹಾಗೆಯೇ ಕಳಿಸಲಾಗುತ್ತದೆಯೇ? ಸಾವಿತ್ರಮ್ಮನ ಮನೆಯಿಂದಲೇ ಹಾಲು ತಂದು, ನನ್ನ ಸಾವಿಗೆ ಬಂದವರಿಗೆಲ್ಲ ನಾನೇ ಕಾಫಿ ಮಾಡಿ ಕೊಟ್ಟೆ. ಎಷ್ಟೋ ವರ್ಷಗಳ ಮೇಲೆ ಆ ಹಜಾರದಲ್ಲಿ ಕೂರಲು ಜಾಗವಿರಲಿಲ್ಲ. ಕಡೂರಿನ ಪ್ರದರ್ಶನ ಹೇಗಾಯಿತು ಎಂದು ಯಾರಾದರೂ ಕೇಳಿಯಾರು ಎಂದು ಉತ್ತರ ಸಿದ್ಧಮಾಡಿಕೊಂಡು ಕಾದೆ. ಕಾಫಿಗೆ ಸಕ್ಕರೆ ಕಮ್ಮಿಯಾಯಿತು ಎಂದರು.

"ಇನ್ಮೇಲೆ ಹೊರಡೋವಾಗ ಒಂದ್ ಮಾತು ಹೇಳ್ಬಿಟ್ಟು ಹೊರಡಿ ಟೀಚರಮ್ಮ" ಎಂದರು ರಾಜಶೇಖರಪ್ಪನವರು, ಲೋಟ ಕೆಳಗಿಡುತ್ತ.

"ಎಲ್ಲಿಗೆ ಹೊರಡೋವಾಗ?"

ಅವರು ಯೋಚಿಸಿದರು. "ಎಲ್ಲಿಗಾದ್ರೂ."

ಎಲ್ಲರೂ ಎದ್ದು ಹೋದ ಮೇಲೂ ಮನೆ ನೋಡಲು ಬಂದಿದ್ದ ಆ ಹುಡುಗಿ ಗೇಟಿನ ಹತ್ತಿರ ನಿಂತಿದ್ದಳು. ಮನೆ ಅವಳಿಗೆ ತುಂಬ ಹಿಡಿಸಿತ್ತಂತೆ. ಸಂಕೋಚದಿಂದ ಫೋನ್ ಕೈಗೆ ತೆಗೆದುಕೊಂಡಳು.

"ಆಂಟಿ, ತಪ್ಪು ತಿಳ್ಕೋಬೇಡಿ. ಮುಂದೆ ಯಾವಾಗಾದ್ರೂ ಮನೆ ಖಾಲಿಯಾದ್ರೆ... ನಿಮ್ಮ ನಂಬರ್ ಕೊಡ್ತೀರಾ?"

ಇಡೀ ದಿನದಲ್ಲಿ ನನ್ನ ನಂಬರ್ ಕೇಳಿದವಳು ಅವಳೊಬ್ಬಳೇ.

ಕೊಟ್ಟೆ!